ಗಾಡಿ ಮಾತು: ಕೆಟ್ಟರೆ ಎಷ್ಟು ದಿನ ನಿಲ್ಲುತ್ತೆ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರ ಎಳೆಯುವ ಗಾಡಿ) ಬಗ್ಗೆಯೇ. ಮಳೆಗಾಲ ಹತ್ತಿರ ಬಂತಲ್ಲ! ಸಕಲೇಶಪುರದಲ್ಲಿ ಗ್ಯಾರೇಜ್ ಇಟ್ಟುಕೊಂಡು ಬದುಕಿದವನು ನಾನು. ಹಾಗಾಗಿ ನನ್ನ ಉತ್ತರಕ್ಕೆ ಸ್ವಲ್ಪ ಗ್ರೀಸ್ ಮೆತ್ತಿಕೊಂಡಿರುತ್ತೆ, ಹೊಂದಿಕೊಳ್ಳಿ.

ಪ್ರಶ್ನೆ: ಸರ್, ನಮ್ಮದು ಕಾಫಿ ತೋಟ. ಟಾರ್ ರಸ್ತೆಯಿಂದ ಮನೆಗೆ ನಾಲ್ಕು ಕಿಲೋಮೀಟರ್ ಮಣ್ಣಿನ ದಾರಿ, ಮಳೆಗಾಲದಲ್ಲಿ ಕಾರು ಹತ್ತೋದಿಲ್ಲ. ನಮ್ಮ ಭಾವ 'ಮಾರುತಿ ಜಿಮ್ನಿ ತಗೋ, ಮಾರುತಿ ಕೆಡೋದೇ ಇಲ್ಲ' ಅಂತಾರೆ. ಪಕ್ಕದ ತೋಟದವರು 'ಮಹೀಂದ್ರಾ ಥಾರ್ ಬಿಟ್ಟು ಬೇರೆ ನೋಡಬೇಡಿ' ಅಂತಾರೆ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ನಮ್ಮ ರೈಟರ್ ಮಾತ್ರ 'ಫೋರ್ಸ್ ಗೂರ್ಖಾ ಒಂದೇ ಗಾಡಿ ಸ್ವಾಮಿ' ಅಂತಾನೆ. ಯಾರ ಮಾತು ನಂಬಲಿ?
– ಬೆಳೆಗಾರರೊಬ್ಬರು, ಮೂಡಿಗೆರೆ

ಉತ್ತರ: ಮೂವರೂ ಸುಳ್ಳು ಹೇಳ್ತಿಲ್ಲ. ಅವರವರು ನೋಡಿದ ಗಾಡಿ, ಅವರವರ ಅನುಭವ. ಆದರೆ ಹದಿನೈದು ಲಕ್ಷ ಸುರಿದವರು ತಮ್ಮ ಗಾಡಿ ಸರಿಯಿಲ್ಲ ಅಂತ ಮದುವೆಮನೆಯಲ್ಲಿ ಹೇಳೋದು ಕಡಿಮೆ. ಸಾಲ ತೀರಿದ ಮೇಲೆ ಬಾಯಿ ಬಿಡ್ತಾರೆ.

ಹಾಗಾಗಿ 'ಗಾಡಿ ಹೇಗಿದೆ' ಅಂತ ಕೇಳಲೇಬೇಡಿ. ಏನು ಕೆಟ್ಟಿತು, ಎಷ್ಟು ಕಿಲೋಮೀಟರ್ ಓಡಿದ ಮೇಲೆ ಕೆಟ್ಟಿತು, ಪಾರ್ಟ್ ಬರೋ ತನಕ ಎಷ್ಟು ದಿನ ನಿಂತಿತ್ತು, ಇಷ್ಟು ಕೇಳಿ. ಮೂರನೆಯದಕ್ಕೆ ಸಿಗುವ ಉತ್ತರವೇ ನಿಮಗೆ ಬೇಕಾಗಿರೋದು. ಜುಲೈನಲ್ಲಿ ಗಾಡಿ ಎರಡು ವಾರ ಶೋರೂಂನಲ್ಲಿ ನಿಂತರೆ, ಕೆಟ್ಟಿದ್ದು ಸಣ್ಣ ಸೆನ್ಸರ್ ಆದರೇನು, ಗೇರ್‌ಬಾಕ್ಸ್ ಆದರೇನು? ಕೊಡೆ ಹಿಡಿದು ನಾಲ್ಕು ಕಿಲೋಮೀಟರ್ ನಡೆಯೋದು ನೀವೇ.

ಈಗ ಭಾವನ ಮಾತಿಗೆ ಬರೋಣ. ಮಾರುತಿಗೆ ಒಳ್ಳೇ ಹೆಸರಿದೆ, ನಿಜ. ಆ ಹೆಸರು ಸಂಪಾದಿಸಿದ್ದು ಆಲ್ಟೋ, ಸ್ವಿಫ್ಟ್ ತರದ ಕಾರುಗಳು. ಜಿಮ್ನಿಗೆ ಅದರಲ್ಲಿ ಅರ್ಧ ಮಾತ್ರ ಸಲ್ಲುತ್ತೆ. ಅದರ 1.5 ಲೀಟರ್ ಪೆಟ್ರೋಲ್ ಇಂಜಿನ್ ಸಿಯಾಜ್‌ನಲ್ಲೂ ಹಳೇ ಎರ್ಟಿಗಾದಲ್ಲೂ ಇದ್ದದ್ದೇ. ಫಿಲ್ಟರ್, ಪ್ಲಗ್, ಬೆಲ್ಟ್ ಯಾವ ಊರಲ್ಲೂ ಸಿಗುತ್ತೆ, ಕೈ ಪಳಗಿದ ಮೆಕ್ಯಾನಿಕ್ಕೂ ಸಿಗ್ತಾರೆ. ಆದರೆ ಅದರ ಮುಂದಿನ ಆಕ್ಸಲ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಆಲ್ಟೋದಲ್ಲಿ ಇಲ್ಲ, ಸ್ವಿಫ್ಟ್‌ನಲ್ಲೂ ಇಲ್ಲ. ಅಲ್ಲಿ ಏನಾದರೂ ಆದರೆ ನಿಮ್ಮ ಊರಿನ ಮಾರುತಿ ಮೆಕ್ಯಾನಿಕ್ ತಲೆ ಕೆರೆದುಕೊಳ್ಳಬಹುದು. ಗಾಡಿ ತಗೊಳ್ಳುವ ಮುಂಚೆ ಸರ್ವಿಸ್ ಸೆಂಟರಿಗೆ ಹೋಗಿ, ಮುಂದಿನ ಆಕ್ಸಲ್ ಆಯಿಲ್ ಸೀಲ್ ಬೇಕು ಅಂದರೆ ಎಷ್ಟು ದಿನಕ್ಕೆ ಬರುತ್ತೆ ಅಂತ ಕೇಳಿ. ಸೇಲ್ಸ್‌ನವರನ್ನಲ್ಲ, ಪಾರ್ಟ್ಸ್ ಕೌಂಟರ್‌ನಲ್ಲಿ ಕೂತವರನ್ನು ಕೇಳಿ.

ಥಾರ್ ಲೆಕ್ಕವೂ ಹೀಗೇ. ಅದರ 2.2 ಡೀಸೆಲ್ ಇಂಜಿನ್ ಸ್ಕಾರ್ಪಿಯೋ ಬಳಗದ್ದು, ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಹೊಸದೇನಲ್ಲ. ಗೂರ್ಖಾದ 2.6 ಲೀಟರ್ ಡೀಸೆಲ್ ಇಂಜಿನ್ ಮೂಲದಲ್ಲಿ ಮರ್ಸಿಡಿಸ್‌ನದು, ಅದೇ ವಂಶದ ಇಂಜಿನ್ ಟೆಂಪೋ ಟ್ರಾವೆಲರ್‌ನಲ್ಲೂ ಇದೆ. ಧರ್ಮಸ್ಥಳಕ್ಕೆ ಜನ ತುಂಬಿಕೊಂಡು ಹೋಗುವ ಟಿಟಿಯನ್ನು ಯಾರು ರಿಪೇರಿ ಮಾಡ್ತಾರೋ ಅವರು ಗೂರ್ಖಾ ಬಾನೆಟ್ಟನ್ನೂ ಧೈರ್ಯವಾಗಿ ಎತ್ತಬಲ್ಲರು. ಮೇಲಾಗಿ ಮುಂದೆ, ಹಿಂದೆ ಎರಡೂ ಆಕ್ಸಲ್‌ಗೆ ಡಿಫರೆನ್ಷಿಯಲ್ ಲಾಕ್ ಕಂಪನಿಯಿಂದಲೇ ಬರುತ್ತೆ. ಡಿಫರೆನ್ಷಿಯಲ್ ಅಂದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಗೇರ್, ಲಾಕ್ ಅದನ್ನು ಕಟ್ಟಿ ಹಾಕುತ್ತೆ. ಒಂದು ಚಕ್ರ ಕೆಸರಲ್ಲಿ ಸುಮ್ನೆ ತಿರುಗ್ತಾ ಇದ್ದರೂ ಇನ್ನೊಂದು ಎಳೆಯುತ್ತೆ. ನಿಮ್ಮ ರೈಟರ್ ಗಾಡಿ ಗೊತ್ತಿರುವ ಮನುಷ್ಯ ಕಣ್ರೀ. ಆದರೆ ಶೋರೂಂ ಎಷ್ಟು ದೂರ ಅಂತ ಅವನು ಹೇಳಿದ ಹಾಗೆ ಕಾಣಲಿಲ್ಲ.

ಇನ್ನೊಂದು ಮಾತು. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಒಂದೇ ಕಂಪನಿಯ ವೀಲ್ ಬೇರಿಂಗ್ ರಾಶಿ ಬಿದ್ದಿರುತ್ತೆ. ನೋಡಿದವರು 'ಓಹೋ, ಇದೇ ಜಾಸ್ತಿ ಕೆಡೋದು' ಅಂತ ತೀರ್ಮಾನಿಸಿ ಬಿಡ್ತಾರೆ. ತಾಲ್ಲೂಕಿನಲ್ಲಿ ಆ ಗಾಡಿ ಇನ್ನೂರು ಇದ್ದು ಹತ್ತು ಕೆಟ್ಟವು ಅನ್ನಿ. ಇನ್ನೊಂದು ಗಾಡಿ ನಾಲ್ಕೇ ಇದ್ದು ಎರಡು ಕೆಟ್ಟವು ಅನ್ನಿ. ಬಾಯಿಗೆ ಬರೋದು ಹತ್ತರ ಸುದ್ದಿ. ನಾಲ್ಕು ಇಟ್ಟುಕೊಂಡವರು 'ನಮ್ಮ ಗಾಡಿ ಅಪರೂಪ' ಅಂತ ಖುಷಿಯಾಗಿರ್ತಾರೆ. ಅಂಗಡಿಯಲ್ಲಿ ಪಾರ್ಟ್ ರಾಶಿ ಇರೋದು ನಿಮಗಂತೂ ಅನುಕೂಲವೇ.

ಹೊಸ ಮಾಡೆಲ್ ಬಂದ ಮೊದಲ ವರ್ಷ ಸ್ವಲ್ಪ ತಡೆದುಕೊಳ್ಳಿ ಅಂತ ಎಲ್ಲರಿಗೂ ಹೇಳ್ತೀನಿ. ಎರಡನೇ ತಲೆಮಾರಿನ ಥಾರ್ 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂತು. 2021ರ ಫೆಬ್ರವರಿಯಲ್ಲಿ ಕಂಪನಿಯೇ 1,577 ಡೀಸೆಲ್ ಥಾರ್‌ಗಳನ್ನು ಕರೆಸಿ ಕ್ಯಾಮ್‌ಶಾಫ್ಟ್ (ಇಂಜಿನ್ ವಾಲ್ವ್ ತೆಗೆದು ಮುಚ್ಚಿಸುವ ದಂಡ) ಪರೀಕ್ಷೆಗೆ ಮುಂದಾಯಿತು. ಪಾರ್ಟ್ ಮಾಡಿಕೊಟ್ಟವರ ಕಡೆ ಮೆಷಿನ್ ಸೆಟ್ಟಿಂಗ್ ತಪ್ಪಿತ್ತಂತೆ. ಅದರಿಂದ ಥಾರ್ ಕೆಟ್ಟ ಗಾಡಿ ಆಗಲಿಲ್ಲ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ತಯಾರಾದ ಡೀಸೆಲ್ ಥಾರ್ ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಆ ಕೆಲಸ ಆಗಿದೆಯಾ ಅಂತ ಸರ್ವಿಸ್ ದಾಖಲೆ ನೋಡಿಕೊಂಡರೆ ಸಾಕು.

ನಿಮ್ಮ ವಿಷಯದಲ್ಲಿ ಬ್ರ್ಯಾಂಡ್‌ಗಿಂತ ದೊಡ್ಡ ಪ್ರಶ್ನೆ ಪೆಟ್ರೋಲೋ ಡೀಸೆಲ್ಲೋ ಅನ್ನೋದು. 2020ರ ಏಪ್ರಿಲ್‌ನಿಂದ ಬಿಎಸ್6 ನಿಯಮ ಬಂತು. ಆಮೇಲಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಅಂತ ಒಂದು ಡಬ್ಬಿ ಇರುತ್ತೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಂಡು, ಆಗಾಗ ಸುಟ್ಟು ಹಾಕುತ್ತೆ. ಸುಡಬೇಕಾದರೆ ಹೊಗೆ ಸುಮಾರು 600 ಡಿಗ್ರಿ ಕಾಯಬೇಕು. ಅಷ್ಟು ಕಾಯೋಕೆ ಒಂದೇ ಸಮ ಸ್ವಲ್ಪ ಹೊತ್ತು ಓಡಿಸಬೇಕು. ಮನೆಯಿಂದ ಟಾರ್ ರಸ್ತೆಗೆ ಎರಡನೇ ಗೇರಲ್ಲಿ ಬಂದು, ಹಾಲು-ಪೇಪರ್ ತಗೊಂಡು ವಾಪಸ್ ಹೋದರೆ ಇಂಜಿನ್ ಸರಿಯಾಗಿ ಬಿಸಿಯೇ ಆಗಿರೋದಿಲ್ಲ. ಸುಡಲು ಶುರು ಮಾಡಿದ್ದು ಅರ್ಧಕ್ಕೆ ನಿಲ್ಲುತ್ತೆ. ಮಸಿ ಸುಡೋಕೆ ಅಂತ ಇಂಜಿನ್ನಿಗೆ ಹೆಚ್ಚಾಗಿ ಚಿಮ್ಮಿದ ಡೀಸೆಲ್ ಸ್ವಲ್ಪ ಸ್ವಲ್ಪವೇ ಇಂಜಿನ್ ಆಯಿಲ್‌ಗೆ ಇಳಿಯುತ್ತೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕಡಿಮೆ ಆಗೋ ಬದಲು ಮೇಲಿನ ಗೆರೆ ದಾಟಿರುತ್ತೆ, ಮೂಸಿದರೆ ಡೀಸೆಲ್ ವಾಸನೆ. ತೋಟದವರು ಇಂಥ ಗಾಡಿ ತಂದು 'ಇದು ಡಬ್ಬಾ ಕಂಪನಿ' ಅಂತ ಬೈದಾಗೆಲ್ಲ ನಾನು ಮೊದಲು ಕೇಳ್ತಿದ್ದಿದ್ದು, ದಿನಕ್ಕೆ ಎಷ್ಟು ದೂರ ಓಡಿಸ್ತೀರಿ ಅಂತ.

ನನ್ನ ಕೇಳಿದರೆ: ಮನೆಯವರು ನಾಲ್ಕು ಜನ, ಒಂದೆರಡು ಚೀಲ ಅಷ್ಟೇ ಅಂದರೆ ಜಿಮ್ನಿ. ಸುಮಾರು 1,200 ಕಿಲೋ ತೂಗುವ ಹಗುರ ಗಾಡಿ, ಜೇಡಿಮಣ್ಣಲ್ಲಿ ಹೂತುಕೊಳ್ಳೋದು ಕಡಿಮೆ. ವಾರಕ್ಕೊಮ್ಮೆ ಮಂಗಳೂರೋ ಬೆಂಗಳೂರೋ ಓಡಾಟ ಇದ್ದರೆ ಡೀಸೆಲ್ ಥಾರ್ ಧಾರಾಳವಾಗಿ ತಗೊಳ್ಳಿ, ಆ ಓಟದಲ್ಲಿ ಮಸಿ ಸುಟ್ಟು ಹೋಗುತ್ತೆ. ಬುಕ್ ಮಾಡುವಾಗ ಮಾತ್ರ ಹುಷಾರು, 2023ರಿಂದ ಥಾರ್ ಬರೀ ಹಿಂದಿನ ಚಕ್ರ ಎಳೆಯುವ ಮಾಡೆಲ್‌ನಲ್ಲೂ ಬರ್ತಿದೆ. ಬೆಲೆ ಕಡಿಮೆ ಅಂತ ಅದನ್ನು ತಂದು ಜುಲೈನಲ್ಲಿ ಟ್ರ್ಯಾಕ್ಟರ್ ಕರೆಸಬೇಡಿ. ಗೊಬ್ಬರ, ಆಳುಗಳು ಎಲ್ಲಾ ಇದರಲ್ಲೇ ಅನ್ನೋದಾದರೆ ಈ ಮೂರೂ ಬೇಡ, ಬೊಲೆರೊ ಕ್ಯಾಂಪರ್ ಫೋರ್ ವೀಲ್ ನೋಡಿ.

ಪ್ರಶ್ನೆ: ನಮ್ಮ ತಂದೆಯ ಕಾಲದ ಮಹೀಂದ್ರಾ ಎಂಎಂ 540 ಜೀಪ್ ಇನ್ನೂ ಓಡ್ತಿದೆ. ಮಗ ಮಾರೋಣ ಅಂತಾನೆ. ಈಗಿನ ಗಾಡಿಗಳಿಗೆ ಆ ಗಟ್ಟಿತನ ಎಲ್ಲಿದೆ ಸರ್?
– ಓದುಗರು, ಹೊಸನಗರ

ಉತ್ತರ: ನಿಮ್ಮ ಜೀಪ್ ಉಳಿದಿದೆ, ಸಂತೋಷ. ಅದರ ಜೊತೆ ಫ್ಯಾಕ್ಟರಿಯಿಂದ ಬಂದ ಎಷ್ಟೋ ಜೀಪುಗಳು ಗುಜರಿಗೆ ಹೋಗಿವೆ. ಅವುಗಳ ಬಗ್ಗೆ ಮಾತಾಡೋಕೆ ಯಾರೂ ಉಳಿದಿಲ್ಲ, ಹಾಗಾಗಿ ಹಳೇ ಗಾಡಿಗಳೆಲ್ಲ ಗಟ್ಟಿ ಅನ್ನಿಸುತ್ತೆ. ನಿಮ್ಮದರಲ್ಲೂ ಪ್ಯೂಜೋ ಇಂಜಿನ್ ಎಷ್ಟು ಸಲ ಬೋರ್ ಆಗಿದೆ, ಕ್ರಾಸ್ (ತಿರುಗುವ ಶಾಫ್ಟಿನ ಕೀಲು) ಎಷ್ಟು ಬದಲಾಗಿದೆ, ಸ್ಪ್ರಿಂಗಿನ ಮೈನ್ ಪ್ಲೇಟ್ ಎಷ್ಟು ಸಲ ಕಟ್ ಆಗಿದೆ, ತಂದೆಯವರನ್ನು ಕೇಳಿದರೆ ಗೊತ್ತಾದೀತು. ಹಳೇ ಜೀಪಿನ ಗುಣ ಬೇರೆಯೇ. ಅದು ಕೆಡುತ್ತೆ, ಆದರೆ ನಿಲ್ಲೋದಿಲ್ಲ. ನಿಮ್ಮ ಪಕ್ಕದ ಕೊಡಚಾದ್ರಿಗೆ ಜನ ಹತ್ತಿಸುವ ಜೀಪುಗಳನ್ನೇ ನೋಡಿ. ಆ ಕಲ್ಲು ದಾರಿಯಲ್ಲಿ ಏನಾದರೊಂದು ಹೋಗ್ತಾನೇ ಇರುತ್ತೆ. ಸಂಜೆ ಕೆಟ್ಟಿದ್ದನ್ನು ಸ್ಪ್ಯಾನರ್, ಸುತ್ತಿಗೆ, ಜಾಕ್ ಇಟ್ಟುಕೊಂಡು ರಾತ್ರಿಯೇ ಸರಿ ಮಾಡಿ ಬೆಳಗ್ಗೆ ಬಾಡಿಗೆಗೆ ಹೊರಡ್ತಾರೆ. ಲ್ಯಾಪ್‌ಟಾಪ್ ಬೇಕಾಗಿಲ್ಲ.

ಮಾರಬೇಡಿ. ಆದರೆ ಮನೆಯವರನ್ನು ಕೂರಿಸಿಕೊಂಡು ಹೈವೇಗೆ ಹೋಗೋಕೆ ಬೇರೆ ಗಾಡಿ ಇರಲಿ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮಗ ಹೇಳೋದರಲ್ಲೂ ಅರ್ಥ ಇದೆ.

ಪ್ರಶ್ನೆ: ಹೊಸ ಫಾರ್ಚೂನರ್ ಬೆಲೆಗಿಂತ ಕಡಿಮೆಗೆ ಸೆಕೆಂಡ್ ಹ್ಯಾಂಡ್ ಲ್ಯಾಂಡ್ ರೋವರ್ ಸಿಗ್ತಿದೆ. ಅಮೆರಿಕದ ಸರ್ವೇಗಳಲ್ಲಿ ಟೊಯೋಟಾ ಮೇಲೆ, ಲ್ಯಾಂಡ್ ರೋವರ್ ಕೆಳಗೆ ಅಂತ ಓದಿದ್ದೇನೆ. ಅದು ಎಷ್ಟು ನಿಜ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಸರ್ವೇ ಸುಳ್ಳಲ್ಲ. ಆದರೆ ಅಲ್ಲಿ ಏನನ್ನು ಎಣಿಸ್ತಾರೆ ಅಂತ ತಿಳ್ಕೊಳ್ಳಿ. ಜೆ.ಡಿ. ಪವರ್‌ನವರು ನೂರು ಗಾಡಿಗೆ ಎಷ್ಟು ತೊಂದರೆ ಅಂತ ಲೆಕ್ಕ ಹಾಕ್ತಾರೆ. ಫೋನ್ ಸ್ಕ್ರೀನಿಗೆ ಕನೆಕ್ಟ್ ಆಗಲಿಲ್ಲ, ಅದೂ ಒಂದು ತೊಂದರೆ. ಗೇರ್‌ಬಾಕ್ಸ್ ಹೋಯಿತು, ಅದೂ ಒಂದು. ಆಗುಂಬೆ ಘಾಟಿಯಲ್ಲಿ ನಿಂತವರಿಗೆ ಅವೆರಡೂ ಒಂದೇ ಅಲ್ಲ ಅಲ್ವಾ?

ಟೊಯೋಟಾ ಹೆಸರು ಸುಮ್ನೆ ಬಂದದ್ದಲ್ಲ. ಆದರೂ ಕಣ್ಣು ಮುಚ್ಚಿ ನಂಬಬೇಡಿ. ಆಸ್ಟ್ರೇಲಿಯಾದಲ್ಲಿ 2015ರಿಂದ 2020ರ ನಡುವೆ ಮಾರಿದ ಸುಮಾರು 2.64 ಲಕ್ಷ ಡೀಸೆಲ್ ಹೈಲಕ್ಸ್, ಫಾರ್ಚೂನರ್, ಪ್ರಾಡೋಗಳ ಡಿಪಿಎಫ್ ವ್ಯವಸ್ಥೆಯಲ್ಲೇ ದೋಷ ಇದೆ ಅಂತ ಅಲ್ಲಿನ ಫೆಡರಲ್ ಕೋರ್ಟ್ 2022ರಲ್ಲಿ ಹೇಳಿತು. ನಮ್ಮ ತೋಟದವರಿಗೆ ಕಾಟ ಕೊಡೋದು ಪುಟ್ಟ ಓಟ. ಅಲ್ಲಿ ಹೈವೇ ವೇಗದಲ್ಲಿ ಓಡಿಸಿದರೇ ತೊಂದರೆ. ಕೆಡೋದೇ ಇಲ್ಲ ಅಂತ ಹೆಸರಾದ ಗಾಡಿಗಳು ಇವು.

ಲ್ಯಾಂಡ್ ರೋವರ್ ಕೆಸರಲ್ಲಿ, ಬಂಡೆಯಲ್ಲಿ ಹೋಗುವ ಚೆಂದಕ್ಕೆ ನಾನು ಕೈ ಮುಗೀತೀನಿ. ಆದರೆ ಗಾಡಿಗೆ ಕೊಡೋದು ಹಳೇ ಬೆಲೆ, ಏರ್ ಸಸ್ಪೆನ್ಷನ್ ಪಾರ್ಟಿಗೆ ಕೊಡೋದು ಹೊಸ ಗಾಡಿಯ ಬೆಲೆ. ಬಡವರ ಮನೆಗೆ ಆನೆ ತಂದು ಕಟ್ಟಿದ ಹಾಗೆ. ತರೋದು ಸುಲಭ, ಸಾಕೋದು ಕಷ್ಟ. ಫಾರ್ಚೂನರ್ ತಯಾರಾಗೋದು ಬಿಡದಿಯಲ್ಲಿ, ನಿಮ್ಮ ಮನೆಯಿಂದ ಎಷ್ಟು ದೂರ ಹೇಳಿ! ಜೊತೆಗೆ ಒಂದು ಪ್ರಶ್ನೆ: ಜಯನಗರದಲ್ಲಿ ಫೋರ್ ವೀಲ್ ಯಾಕೆ? ವರ್ಷಕ್ಕೆ ಒಂದು ಸಲ ಊರಿಗೆ ಹೋಗೋಕೆ ಅಂದರೆ ಫಾರ್ಚೂನರ್‌ನ ಟೂ ವೀಲ್ ಮಾಡೆಲ್ ಸಾಕು, ಉಳಿದ ದುಡ್ಡಲ್ಲಿ ಒಳ್ಳೇ ಟೈರ್ ಹಾಕಿಸಿ.

ಪ್ರಶ್ನೆ: ಫೋರ್ ವೀಲ್ ಹಾಕಿ ಓಡಿಸಿದರೆ ಗಾಡಿ ಬೇಗ ಹಾಳಾಗುತ್ತಾ?
– ಓದುಗರು, ಮಡಿಕೇರಿ

ಉತ್ತರ: ಎಲ್ಲಿ ಹಾಕ್ತೀರಿ ಅನ್ನೋದರ ಮೇಲೆ. ಥಾರ್, ಜಿಮ್ನಿ, ಗೂರ್ಖಾ ಮೂರರಲ್ಲೂ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಉರುಳಬೇಕು. ಕೆಸರಲ್ಲಿ ಚಕ್ರ ಜಾರಿ ಸರಿ ಹೋಗುತ್ತೆ. ಒಣ ಟಾರ್ ಮೇಲೆ ಜಾರೋದಿಲ್ಲ, ಆ ಹೊರೆಯೆಲ್ಲ ಟ್ರಾನ್ಸ್‌ಫರ್ ಕೇಸ್ ಮತ್ತು ಕ್ರಾಸ್ ಮೇಲೆ ಬೀಳುತ್ತೆ. ಸ್ಟೇರಿಂಗ್ ಬಿಗಿಯಾಗಿ ಗಾಡಿ ಜಗ್ಗಿದ ಹಾಗೆ ಆಗುತ್ತೆ ನೋಡಿ, ಅದೇ ಇದು.

ಒಂದು ಮಳೆಗಾಲ ನಮ್ಮ ಗ್ಯಾರೇಜಿಗೆ ಹೊಸಾ ಗಾಡಿಯೊಂದನ್ನು ಟೋ ಮಾಡಿ ತಂದರು. ಕಂಪನಿ ಹೆಸರು ಬೇಡ. ಬಾಗಿಲು ತೆಗೆದ ತಕ್ಷಣ ಕ್ಲಚ್ ಸುಟ್ಟ ವಾಸನೆ ಮೂಗಿಗೆ ಹೊಡೀತು. ಏರಿನಲ್ಲಿ ಫೋರ್ ವೀಲ್‌ನ ಲೋ ಗೇರ್ (ನಿಧಾನ ಓಟ, ಜಾಸ್ತಿ ಎಳೆತ) ಹಾಕದೆ, ಹೈನಲ್ಲೇ ಅರ್ಧ ಕ್ಲಚ್ ಹಿಡಿದು ಎಳೆಸಿದ್ದರು. ಲೋ ಅಂತ ಒಂದು ಇದೆ ಅಂತ ಡ್ರೈವರಿಗೆ ಯಾರೂ ಹೇಳಿರಲಿಲ್ಲ. ಮಾಲೀಕರು ಮಾತ್ರ ಊರೆಲ್ಲ 'ಈ ಕಂಪನಿ ಕ್ಲಚ್ ಸರಿ ಇಲ್ಲ' ಅಂತ ಹೇಳಿಕೊಂಡು ಬಂದರು. ಇಲಿ ವೈರ್ ಕಡಿದರೂ ಬೈಗುಳ ಕಂಪನಿಗೇ.

ಹಾಕದೇ ಇಡೋದೂ ತಪ್ಪೇ. ತಿಂಗಳಿಗೊಮ್ಮೆಯಾದರೂ ಒದ್ದೆ ಮಣ್ಣಲ್ಲಿ ಹತ್ತು ನಿಮಿಷ ಫೋರ್ ವೀಲ್ ಓಡಿಸಿ, ಇಲ್ಲದಿದ್ದರೆ ಬೇಕಾದ ದಿನ ಗೇರ್ ಬೀಳೋದಿಲ್ಲ. ಆಳವಾದ ಹೊಳೆ ದಾಟಿದ್ದರೆ ಆ ವಾರದಲ್ಲೇ ಎರಡೂ ಆಕ್ಸಲ್‌ನ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣ ಬಂದಿದ್ದರೆ ನೀರು ಹೊಕ್ಕಿದೆ, ಅವತ್ತೇ ಬದಲಾಯಿಸಿ.