ಆಲಿಕಲ್ಲು ಮಳೆಗೆ ಹಿತ್ತಲ ಮಾವಿನ ಮರ ಒಂದು ಕಡೆ ಮುರಿದಿದೆ. ಇನ್ನೊಂದು ಕಡೆಯನ್ನೂ ಕಡಿಸಿ ಸಮ ಮಾಡಿಸಲೇ? ಯಾವ ಗೊಬ್ಬರ ಹಾಕಿದರೆ ಬೇಗ ಚಿಗುರುತ್ತೆ?

ಬೇಡ. ನಾಳೆ ಬರ್ತೀನಿ ಅಂದಿರೋ ಆ ಮರ ಕಡಿಯೋನಿಗೆ ಮೊದಲು ಫೋನ್ ಮಾಡಿ ಬರಬೇಡಪ್ಪ ಅನ್ನಿ, ಆಮೇಲೆ ಮುಂದಕ್ಕೆ ಓದಿ. ಚಿತ್ರದುರ್ಗದ ನಿಮ್ಮ ಹಿತ್ತಲಲ್ಲಿ ಮೊನ್ನೆ ಆಗಿದ್ದು ದಾವಣಗೆರೆ ನಿಟುವಳ್ಳಿಯ ನಮ್ಮ ಮನೆ ಹಿಂದೆ ಎಂಟು ವರ್ಷದ ಹಿಂದೆ ಆಗಿತ್ತು. "ಸಮ" ಅನ್ನೋ ಅದೇ ಮಾತಿಗೆ ನಾನೂ ತಲೆಯಾಡಿಸಿದ್ದೆ.

ನಮ್ಮದು ಬಾದಾಮಿ ಮಾವು. ಮನೆ ಕಟ್ಟಿಸಿದ ವರ್ಷ ನಮ್ಮ ಮಾವನವರು ನೆಟ್ಟಿದ್ದು. "ಮಾವ ನೆಟ್ಟ ಮಾವು" ಅಂತ ನಾನು ಹೇಳಿದಾಗಲೆಲ್ಲ ಅತ್ತೆ ಮೊದಲ ಸಲ ಕೇಳಿದೋರ ಹಾಗೆ ನಗ್ತಿದ್ರು. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಆ ವರ್ಷ ಭರಣಿ ಮಳೆ ಹಿಡಿದ ಮೂರನೇ ದಿನ ಸಂಜೆ ಸುರಿದಿದ್ದು ನೀರಲ್ಲ. ಬಚ್ಚಲಮನೆ ತಗಡಿನ ಮೇಲೆ ಯಾರೋ ಮೂಟೆಗಟ್ಟಲೆ ಗೋಲಿ ಸುರಿದ ಹಾಗೆ ಹದಿನೈದು ನಿಮಿಷ ಸದ್ದು. ನಿಂತ ಮೇಲೆ ಹೋಗಿ ನೋಡಿದ್ರೆ ಎಲೆಯೆಲ್ಲ ಹೆಚ್ಚಿದ ಸೊಪ್ಪಿನ ಹಾಗೆ ನೆಲದ ಮೇಲೆ. ಪಡುವಣ ಕಡೆಯ ದೊಡ್ಡ ಕೊಂಬೆ ಅರ್ಧಕ್ಕೆ ಮುರಿದು ಸಿಪ್ಪೆಯಲ್ಲಿ ನೇತಾಡ್ತಿತ್ತು. ಅತ್ತೆ ಎರಡು ಬಕೆಟ್ ಕಾಯಿ ಆರಿಸಿದ್ರು. ಆಲಿಕಲ್ಲಿನ ಏಟು ತಿಂದ ಕಾಯಿ ಉಪ್ಪಿನಕಾಯಿಗೆ ಬರಲ್ಲ, ಜಾಡಿಯಲ್ಲೇ ಕೊಳೆಯುತ್ತೆ. ಹಾಗಾಗಿ ಒಂದು ವಾರ ಮನೆಯಲ್ಲಿ ಬರೀ ಗೊಜ್ಜು, ಮಾವಿನಕಾಯಿ ಚಿತ್ರಾನ್ನ.

ಮೂರನೇ ದಿನ ಮರ ಕಡಿಯೋನು ಬಂದ. ಮುರಿದಿದ್ದನ್ನ ಇಳಿಸಿದ. ಅಲ್ಲಿವರೆಗೂ ಸರಿ. ಆಮೇಲೆ ಕೆಳಗೆ ನಿಂತು ತಲೆ ಓರೆ ಮಾಡಿ ನೋಡಿ, "ಅಕ್ಕಾರ, ಒಂದ್ ಕಡಿ ಬೋಳ, ಒಂದ್ ಕಡಿ ಜೋಲು, ಚೆಂದ ಕಾಣಂಗಿಲ್ಲ ನೋಡ್ರಿ. ಭಾರಕ್ಕೆ ಮರಾನೇ ವಾಲ್ತೈತಿ. ಈ ಕಡಿದೂ ತಗದ್ರ ಸಮ ಆಕ್ಕೈತಿ" ಅಂದ. ನನಗೂ ಹಾಗೇ ಅನ್ನಿಸಿತು. ಕ್ಷೌರದಂಗಡಿಯಲ್ಲಿ ಒಂದು ಮೀಸೆ ಜಾಸ್ತಿ ಕತ್ತರಿಸಿದರೆ ಇನ್ನೊಂದನ್ನೂ ಕತ್ತರಿಸಲ್ವಾ? ಹೂಂ ಅಂದೆ. ಮೂಡಣ ಕಡೆಯ ಕೊಂಬೆ, ನನ್ನ ತೊಡೆಗಿಂತ ದಪ್ಪ, ಒಂದು ಗೀರೂ ಇಲ್ಲದ್ದು. ಬೊಡ್ಡೆಗೆ ಅಂಟಿಸಿ ನುಣ್ಣಗೆ, ಮೇಜಿನ ಹಲಗೆ ಹಾಗೆ ತೆಗೆದ. ನೋಡೋಕೆ ಬಹಳ ಚೆಂದ ಕಾಣ್ತಿತ್ತು, ಸುಳ್ಳು ಹೇಳಲ್ಲ.

ಇದೊಂದನ್ನ ಬಿಡಿಸಿ ಹೇಳ್ತೀನಿ, ಬೇಜಾರಾದ್ರೂ ಓದಿ. ಎಲೆ ಅಂದ್ರೆ ಮರದ ಅಡುಗೆಮನೆ. ಆಲಿಕಲ್ಲು ಅರ್ಧ ಅಡುಗೆಮನೆ ಕೆಡವಿತ್ತು, ಉಳಿದರ್ಧ ನಾನು ದುಡ್ಡು ಕೊಟ್ಟು ಕೆಡವಿಸಿದೆ. ಎಲೆ ಹೋದ ಮರ ಬದುಕೋದು ಬೇರು, ಬೊಡ್ಡೆ, ಕೊಂಬೆಗಳ ಕಟ್ಟಿಗೆಯಲ್ಲಿ ಕೂಡಿಟ್ಟ ಪಿಷ್ಟದ ಮೇಲೆ. ದಪ್ಪ ಕೊಂಬೆ ಕಡಿದಾಗ ಆ ಕಣಜವೂ ಹೋಯ್ತು. ಇಷ್ಟೇ ಅಲ್ಲ. ಆ ಕೊಂಬೆಯ ನೆರಳಲ್ಲಿ ಇಪ್ಪತ್ತು ವರ್ಷ ಬಿಸಿಲು ಕಾಣದೆ ಇದ್ದ ಬೊಡ್ಡೆ ಸಿಪ್ಪೆ ಒಂದೇ ದಿನದಲ್ಲಿ ನಮ್ಮೂರ ಮೇ ತಿಂಗಳ ಬಿಸಿಲಿಗೆ ಬಿತ್ತು. ಸುಟ್ಟು ಬಿರುಕು ಬಿಟ್ಟಿತು. ಹಂಗೆ ಬಿರುಕು ಬಿಟ್ಟ ಸಿಪ್ಪೆಯಲ್ಲೇ ಕಾಂಡ ಕೊರೆಯೋ ಹುಳದ ದುಂಬಿ ಮೊಟ್ಟೆ ಇಡೋದು. ಎರಡು ವರ್ಷದ ಮೇಲೆ ಬುಡದಲ್ಲಿ ಗರಗಸದ ಹೊಟ್ಟಿನಂಥ ಪುಡಿ ಕಂಡಾಗ ನಾನು ಇರುವೆ ಮಣ್ಣು ಅಂದ್ಕೊಂಡು ಗುಡಿಸಿ ಹಾಕಿದೆ, ನೋಡಿ ನನ್ನ ಬುದ್ಧಿ.

ಇನ್ನು ಆ ನುಣ್ಣಗೆ ಕಡಿದಿದ್ದು. ಕೊಂಬೆ ಬೊಡ್ಡೆಯಿಂದ ಹೊರಡೋ ಕಡೆ ಬಳೆ ತೊಟ್ಟ ಹಾಗೆ ಉಬ್ಬಿರುತ್ತಲ್ಲ, ಗಾಯದ ಮೇಲೆ ಹೊಸ ಸಿಪ್ಪೆ ಹಬ್ಬೋದು ಆ ಉಬ್ಬಿನಿಂದ. ಅದನ್ನೇ ಕೆತ್ತಿಬಿಟ್ಟಿದ್ವಿ. ಅಲೆಕ್ಸ್ ಶೈಗೋ ಅಂತ ಅಮೆರಿಕದ ಅರಣ್ಯ ವಿಜ್ಞಾನಿ ಸಾವಿರಾರು ಮರ ಉದ್ದುದ್ದ ಸೀಳಿ ನೋಡಿ 1970ರ ದಶಕದಲ್ಲೇ ಹೇಳಿದ್ದು ಇದು: ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯೋದಿಲ್ಲ, ಕೆಟ್ಟ ಭಾಗದ ಸುತ್ತ ಮರ ಗೋಡೆ ಕಟ್ಟಿಕೊಂಡು ಅದರ ಹೊರಗೆ ಬೆಳೆಯುತ್ತೆ. ಗೋಡೆ ಕಟ್ಟೋಕೆ ಶಕ್ತಿ ಬೇಕು, ಶಕ್ತಿಗೆ ಎಲೆ ಬೇಕು. ಎಲೆ ಎಲ್ಲಿತ್ತು?

ಮತ್ತೆ ಸಮ ಅನ್ನೋದು. ಮರ ತಕ್ಕಡಿ ಅಲ್ಲ. ಒಂದು ಕಡೆ ಭಾರ ಜಾಸ್ತಿಯಾದ್ರೆ ಅದಕ್ಕೆ ತಕ್ಕ ಕಡೆ ಕಟ್ಟಿಗೆ ದಪ್ಪ ಮಾಡ್ಕೊಳ್ಳುತ್ತೆ, ಖಾಲಿ ಕಡೆಗೆ ಚಿಗುರು ಕಳಿಸುತ್ತೆ. ವರ್ಷಗಳು ಹಿಡಿಯುತ್ತೆ, ಆದ್ರೆ ಮಾಡುತ್ತೆ. ಗಾಳಿಯ ದಿಕ್ಕಿಗೆ ಓರೆಯಾಗೇ ಬೆಳೆದ ಹುಣಸೆ ಮರಗಳು ನಿಮ್ಮ ಕಡೆ ಬೇಕಾದಷ್ಟಿವೆ, ಯಾವುದಾದ್ರೂ ಬಿದ್ದಿದೆಯಾ?

ನನ್ನ ಇನ್ನೊಂದು ಬುದ್ಧಿವಂತಿಕೆ ಯೂರಿಯಾ. ಅಣ್ಣನ ಹೊಲದಿಂದ ಅರ್ಧ ಚೀಲ ತಂದು ಬುಡಕ್ಕೆ ಸುರಿದೆ. ಒಂದೇ ತಿಂಗಳಿಗೆ ಬೊಡ್ಡೆ ತುಂಬ ಪೊರಕೆ ಕಟ್ಟಿದ ಹಾಗೆ ನೆಟ್ಟಗೆ ಚಿಗುರು. ಬೀದಿಯೋರೆಲ್ಲ ಬಂದು ಹೊಗಳಿದ್ರು. ಅಂಥ ಚಿಗುರು ಸಿಪ್ಪೆ ಕೆಳಗಿನಿಂದ ಹುಟ್ಟುತ್ತೆ, ಕಟ್ಟಿಗೆಯೊಳಗೆ ಬೇರೂರಿರಲ್ಲ. ಮೂರನೇ ವರ್ಷದ ಅಶ್ವಿನಿ ಮಳೆ ಗಾಳಿಗೆ ಹಿಡಿ ಹಿಡಿಯಾಗಿ ಕಿತ್ತು ಬಿದ್ದವು. ಹಾಗಾಗಿ ನಿಮ್ಮ ಗೊಬ್ಬರದ ಪ್ರಶ್ನೆಗೆ ನನ್ನ ಉತ್ತರ: ಈಗ ಯಾವುದೂ ಬೇಡ, ಟಾನಿಕ್ಕೂ ಬೇಡ. ಮುಂಗಾರು ಹಿಡಿದ ಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ ಹಾಕಿ, ಸಾಕು. ಬೇಗ ಚಿಗುರಬೇಕು ಅನ್ನೋ ಅವಸರ ಮರದ್ದಲ್ಲ, ನಮ್ಮದು.

ನನ್ನ ತಂಗಿ ಮಗಳು ಮಿಷಿಗನ್‌ನಲ್ಲಿದ್ದಾಳೆ. ಅಲ್ಲಿ ನಮ್ಮ ಹಾಗೆ ಹದಿನೈದು ನಿಮಿಷದ ಆಟ ಅಲ್ಲ. ಮಳೆನೀರು ಕೊಂಬೆ ಮೇಲೆ ಬಿದ್ದಲ್ಲೇ ಗಾಜಿನ ಹಾಗೆ ಹೆಪ್ಪುಗಟ್ಟಿ, ಭಾರಕ್ಕೆ ಬರ್ಚ್ ಮರದ ತುದಿ ನೆಲಕ್ಕೆ ತಾಗೋ ಹಾಗೆ ಬಗ್ಗುತ್ತೆ. ಇವಳು ಕೋಲು ತಗೊಂಡು ಬಡಿದು ಉದುರಿಸೋಕೆ ಹೋದ್ರೆ ಪಕ್ಕದ ಮನೆ ಅಜ್ಜ ಬಂದು ತಡೆದರಂತೆ. ಹೆಪ್ಪುಗಟ್ಟಿದ ಕೊಂಬೆ ಲಟಕ್ಕಂತ ಮುರಿಯುತ್ತೆ, ತಾನಾಗೇ ಕರಗಲಿ ಬಿಡು ಅಂದ್ರಂತೆ. ಹೊಸದಾಗಿ ಬಿದ್ದ ಹಿಮ ಆದ್ರೆ ಪೊರಕೆಯಿಂದ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿ ಉದುರಿಸಬಹುದಂತೆ, ಮೇಲಿನಿಂದ ಹೊಡೆಯಬಾರದು. ಬಗ್ಗಿದ್ದ ಮರ ಬೇಸಿಗೆ ಹೊತ್ತಿಗೆ ಬಹುಪಾಲು ಎದ್ದು ನಿಂತಿತ್ತು, ಫೋಟೋ ಕಳಿಸಿದ್ಲು. ನನಗೆ ಯಾಕೆ ಅಂಥ ಪಕ್ಕದ ಮನೆ ಅಜ್ಜ ಸಿಗಲಿಲ್ಲವೋ.

ನೀವೇನು ಮಾಡಬೇಕು ಅಂದ್ರೆ, ನೇತಾಡ್ತಿರೋದನ್ನ ಮಾತ್ರ ಈ ವಾರ ಇಳಿಸಿ, ತಲೆ ಮೇಲೆ ಬೀಳಬಾರದಲ್ಲ. ಕರೆಂಟ್ ತಂತಿಗೆ ತಾಗಿದ್ರೆ ನೀವು ಮುಟ್ಟಲೇಬೇಡಿ, ಬೆಸ್ಕಾಂನ 1912ಕ್ಕೆ ಹೇಳಿ. ಮಚ್ಚು ಬೇಡ, ಗರಗಸ. ಬೊಡ್ಡೆಯಿಂದ ಒಂದಡಿ ಆಚೆ ಮೊದಲು ಅಡಿಯಿಂದ ಮೂರರಲ್ಲೊಂದು ಭಾಗ ಕೊಯ್ಯಿಸಿ, ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ. ಕೊಂಬೆ ಸಿಪ್ಪೆ ಸೀಳಿಕೊಳ್ಳದೆ ಬೀಳುತ್ತೆ. ಉಳಿದ ಮೋಟನ್ನ ಆ ಬಳೆಯಂಥ ಉಬ್ಬಿನ ಹೊರಗೆ, ಅದಕ್ಕೆ ತಾಗದ ಹಾಗೆ ತೆಗೆಸಿ. ಟಾರು, ಪೇಂಟು ಬಳಿಯೋದು ಬರೀ ನಮ್ಮ ಸಮಾಧಾನಕ್ಕೆ. ಮಳೆಗಾಲ ಎದುರಿಗಿದೆ ಅಂತ ಭಯ ಇದ್ರೆ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಬೇರೆ ಬೇರೆ ಅರ್ಧರ್ಧ ಲೀಟರ್ ನೀರಲ್ಲಿ ಕರಗಿಸಿ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕೂಡಿಸಿ. ಕಬ್ಬಿಣದ ಪಾತ್ರೆ ಬೇಡ. ಹೊಸದಾಗಿ ಬಿಸಿಲಿಗೆ ಬಿದ್ದ ಸಿಪ್ಪೆಗೆ ತಿಳಿಸುಣ್ಣ ಬಳಿಯಿರಿ. ಉದುರಿದ ಎಲೆಯನ್ನ ಸುಡಬೇಡಿ, ಬೊಡ್ಡೆಗೆ ತಾಗಿಸದೆ ಬುಡದ ಸುತ್ತ ಹರಡಿ. ನೀರು ಬೊಡ್ಡೆಗಲ್ಲ, ನೆರಳು ಬೀಳೋ ಅಂಚಿಗೆ, ವಾರಕ್ಕೊಮ್ಮೆ ತುಂಬ.

ಬಾಕಿ ಎಲ್ಲ ಮುಂದಿನ ವರ್ಷಕ್ಕೆ. ಸತ್ತಿದೆ ಅಂತ ಕಾಣೋ ಕಡ್ಡಿಯನ್ನ ಉಗುರಲ್ಲಿ ಕೆರೆದು ನೋಡಿ, ಒಳಗೆ ಹಸಿರಿದ್ರೆ ಬಿಟ್ಟುಬಿಡಿ. ಪೂರ್ತಿ ಕಡಿಸೋ ಯೋಚನೆ ಬಂದ್ರೆ, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಹಿತ್ತಲ ಮರಕ್ಕೂ ಅನುಮತಿ ಬೇಕಾಗಬಹುದು, ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಅದಾದರೂ ನಿಮ್ಮ ಕೈ ತಡೆಯಲಿ. ನಾನು ಕೊನೆಗೆ ಹೋಗಿದ್ದು ನಮ್ಮೂರ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ. ನಿಮಗೆ ಹಿರಿಯೂರಿನ ಬಬ್ಬೂರು ಫಾರ್ಮ್‌ನಲ್ಲಿ ಅಂಥದ್ದೇ ಕೇಂದ್ರ ಇದೆ. ನಾನು ಹೋಗೋ ಹೊತ್ತಿಗೆ ತಡವಾಗಿತ್ತು.

ಈಗ ನಮ್ಮ ಮರದ ಕತೆ ಹೀಗಿದೆ: ಆಲಿಕಲ್ಲು ಮುರಿದ ಪಡುವಣ ಕಡೆ ಹೊಸ ಕೊಂಬೆ ಬಂದು ಹೋದ ವರ್ಷ ಎಂಬತ್ತು ಹಣ್ಣು ಕೊಟ್ಟಿತು. ನಾನು ಸಮ ಮಾಡಿಸಿದ ಮೂಡಣ ಕಡೆ ಟೊಳ್ಳು ಬಿದ್ದಿದೆ, ಮೈನಾ ಗೂಡು ಮಾಡಿಕೊಂಡಿದೆ. ಅತ್ತೆ ಇರೋವರೆಗೂ ಆ ಕಡೆ ಮುಖ ಮಾಡಿ ಕೂರುತ್ತಿರಲಿಲ್ಲ.

ಕೊನೆಯಲ್ಲಿ ನುಗ್ಗೆ ಮರವೂ ಮುರಿದಿದೆ ಅಂತ ಬರೆದಿದ್ರಲ್ಲ. ಅದನ್ನ ಸೊಂಟದೆತ್ತರಕ್ಕೆ ಕಡಿದು ಬಿಡಿ, ಅದರ ಜಾತಿಯೇ ಬೇರೆ, ಬಂದೇ ಬರುತ್ತೆ. ಮುರಿದ ಕೊಂಬೆಯಲ್ಲಿ ಬಲಿತದ್ದೊಂದು ಆಳೆತ್ತರದ ತುಂಡು ಕಾಂಪೌಂಡ್ ಮೂಲೆಯಲ್ಲಿ ನೆಡಿ. ಸೊಪ್ಪು ಮಾತ್ರ ಇವತ್ತೇ ಬಿಡಿಸಿಕೊಳ್ಳಿ, ನಾಳೆಗೆ ಬಾಡುತ್ತೆ.