ಮಾತು ಕಡಿಮೆ ಇರುವವನು ಫುಟ್‌ಬಾಲ್ ತಂಡಕ್ಕೆ ಒಳ್ಳೆಯ ಕ್ಯಾಪ್ಟನ್ ಆಗಬಹುದೇ?

ಕಾಲೇಜು ತಂಡದ ಕ್ಯಾಪ್ಟನ್ ಪಟ್ಟಿ ನಿಮ್ಮ ತೋಳಿಗೆ ಬಂದಿದೆ, ಆಡುವುದು ಮಿಡ್‌ಫೀಲ್ಡಿನಲ್ಲಿ, ಹುಡುಗರನ್ನು ಹುರಿದುಂಬಿಸಿ ಮಾತಾಡಲು ಬರುವುದಿಲ್ಲ, ಬೇರೆಯವರಿಗೆ ಬಿಟ್ಟುಕೊಡಲೇ ಎಂದು ಕೇಳಿದ್ದೀರಿ. ಇದೇ ಹೆದರಿಕೆ ನನಗೂ ಇತ್ತು. ಕ್ಯಾಪ್ಟನ್ ಆದವನು ಬಾಯಿ ಬಿಡಬೇಕು ಎಂದು ಎಲ್ಲರೂ ಹೇಳಿದ್ದನ್ನು ನಂಬಿ ಬಾಯಿ ಬಿಡಲು ಹೋದೆ. ಒಂದು ಫೈನಲ್ ಕೈಬಿಟ್ಟು ಹೋಯಿತು.

ಮಂಜೇಶ್ವರ ತಾಲೂಕಿನ ಒಂದು ಶಾಲಾ ಮೈದಾನ, ಮುರಕಲ್ಲಿನ ಗುಡ್ಡೆಯ ಮೇಲೆ. ಹನ್ನೊಂದು ಜನರ ಆಟ, 30 ನಿಮಿಷದ ಎರಡು ಹಾಫ್. ನಾನು ಸ್ಟಾಪರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವಿನಲ್ಲಿ ನಿಂತು ತಡೆಯುವವನು. 1-1 ಇತ್ತು, ಉಳಿದದ್ದು ಆರು ನಿಮಿಷ. ನಮ್ಮ ಗೋಲಿನ ಮುಂದಿನ ಬಾಕ್ಸಿನ ಎಡಮೂಲೆಯಿಂದ ನಾಲ್ಕೈದು ಮೀಟರ್ ಹೊರಗೆ ನಮ್ಮ ಹಾಫ್ (ಮಿಡ್‌ಫೀಲ್ಡ್) ಆಡುವ ಹುಡುಗ ಬದಿಯಲ್ಲಿ ಓಡುವ ಅವರ ವಿಂಗರ್‌ಗೆ ಭುಜ ಕೊಟ್ಟ. ರೆಫರಿ ವಿಸಿಲ್ ಊದಿ ಅವರಿಗೆ ಫ್ರೀಕಿಕ್ ಕೊಟ್ಟರು. ನನ್ನ ಕಣ್ಣಿಗೆ ಅದು ಫೌಲೇ ಅಲ್ಲ. ಓಡಿದೆ.

ಆ ಓಟ ಏನೇನು ಕೆಡಿಸಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮಗೆ ಬೇಕಾದ ಉತ್ತರ ಅದರಲ್ಲೇ ಇದೆ. ಗ್ಯಾಲರಿಯಿಂದ ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಆಮೇಲೆ ಸಿಕ್ಕಿತು. ವಿಸಿಲ್‌ನಿಂದ ಗೋಲಿನವರೆಗೆ ಎಂಟು ಸೆಕೆಂಡು. ಎರಡನೇ ಸೆಕೆಂಡಿಗೆ ನಾನು ಗೋಲಿಗೆ ಬೆನ್ನು ಹಾಕಿ ಎರಡೂ ಕೈ ಅಗಲಿಸಿ ರೆಫರಿಯತ್ತ ಹೊರಟಿದ್ದೇನೆ. ಮೂರನೆಯದಕ್ಕೆ ನಮ್ಮ ಇಬ್ಬರು ಹಾಫ್‌ಗಳು ನನ್ನ ಹಿಂದೆ. ಕ್ಯಾಪ್ಟನ್ ಹೋದ ಕಡೆ ತಂಡ ಹೋಗುತ್ತದೆ, ಅವರನ್ನು ದೂರಿ ಫಲವಿಲ್ಲ. ನಾಲ್ಕನೆಯದಕ್ಕೆ ಅವರ 10ನೇ ನಂಬರಿನವನು ಚೆಂಡು ಇಟ್ಟಾಗಿದೆ. ರೆಫರಿ ವಿಸಿಲ್ ತೋರಿಸಿ ‘ಕಾಯಿರಿ’ ಎಂದು ಹೇಳಿರಲಿಲ್ಲ, ಅಂದರೆ ಅವನು ಯಾವಾಗ ಬೇಕಾದರೂ ಹೊಡೆಯಬಹುದು. ಐದನೆಯದಕ್ಕೆ ನಮ್ಮ ಕೀಪರ್ ಹತ್ತಿರದ ಕಂಬ ಹಿಡಿದು ‘ಮೂನ್ನ್, ಮೂನ್ನ್’ ಎಂದು ಮಲಯಾಳದಲ್ಲಿ ಮೂರು ಜನ ಕೇಳುತ್ತಿದ್ದಾನೆ. ವಾಲ್‌ಗೆ, ಅಂದರೆ ಫ್ರೀಕಿಕ್‌ಗೆ ಅಡ್ಡ ನಿಲ್ಲುವ ನಮ್ಮವರ ಗೋಡೆಗೆ, ಎಷ್ಟು ಜನ ಎಂದು ಕೂಗುವುದು, ಅದನ್ನು ಸಾಲಿಗೆ ನಿಲ್ಲಿಸುವುದು ನನ್ನ ಕೆಲಸ, ನಾನಿಲ್ಲದ್ದಕ್ಕೆ ಅವನು ನಡುಗೋಲು ಬಿಟ್ಟು ಕಂಬಕ್ಕೆ ಬಂದದ್ದು. ಆರನೆಯದಕ್ಕೆ ವಾಲ್‌ನಲ್ಲಿ ಇಬ್ಬರು, ಅವರಲ್ಲಿ ಒಬ್ಬನ ಬೆನ್ನು ಚೆಂಡಿನ ಕಡೆಗೆ. ಬ್ಯಾಕ್‌ಗಳ ಲೈನ್ ಎಲ್ಲಿ ನಿಲ್ಲಬೇಕೆಂದು ಹೇಳುವವರಿಲ್ಲದೆ ಬಲ ಬ್ಯಾಕ್ ಗೋಲಿನ ಆರು ಮೀಟರ್ ಒಳಗೆ ಇಳಿದ, ಹಾಗಾಗಿ ಉಳಿದ ಬ್ಯಾಕ್‌ಗಳನ್ನು ದಾಟಿ ನಿಂತರೂ ಅವರ ಯಾರೂ ಆಫ್‌ಸೈಡ್ ಆಗುವಂತಿಲ್ಲ. ಏಳನೆಯದಕ್ಕೆ ಚೆಂಡು ದೂರದ ಕಂಬಕ್ಕೆ ಏರಿತು. ಎಂಟನೆಯದಕ್ಕೆ ಅವರ 9ನೇ ನಂಬರಿನವನು ಹಾರದೆ ನಿಂತಲ್ಲೇ ತಲೆ ಕೊಟ್ಟ. ಆ 9 ನನ್ನವನು. ಪಂದ್ಯವಿಡೀ ನಾನು ಹಿಡಿದಿದ್ದವನು. ವಿಡಿಯೋದಲ್ಲಿ ಚೆಂಡು ನೆಟ್ಟಿಗೆ ಬೀಳುವಾಗ ನನ್ನ ತೋರುಬೆರಳು ಇನ್ನೂ ರೆಫರಿಯ ಮುಂದೆ ಇದೆ.

ರೆಫರಿಯ ಹತ್ತಿರ ಹೋದರೆ ಸಿಗುವುದೇನು? ಆಟದಲ್ಲಿ ನಡೆದದ್ದರ ಬಗ್ಗೆ ಅವರ ತೀರ್ಮಾನವೇ ಕೊನೆ. ಅದು ಬದಲಾಗುವುದಾದರೆ ಆಟ ಮತ್ತೆ ಶುರುವಾಗುವ ಮುಂಚೆ, ತಪ್ಪಾಯಿತೆಂದು ಅವರಿಗೇ ಅನಿಸಿದರೆ ಅಥವಾ ಲೈನ್ಸ್‌ಮನ್ ತಿಳಿಸಿದರೆ ಮಾತ್ರ. ಕ್ಯಾಪ್ಟನ್ ವಾದ ಮಾಡಿದ್ದಕ್ಕೆ ಫ್ರೀಕಿಕ್ ತಿರುಗಿದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಬೇಗ ಹೊಡೆದ ಫ್ರೀಕಿಕ್ ಪಂದ್ಯ ತಿರುಗಿಸಿದ್ದನ್ನು ಮಾತ್ರ ಎಲ್ಲರೂ ನೋಡಿದ್ದಾರೆ. 1966ರ ವಿಶ್ವಕಪ್ ಫೈನಲಿನಲ್ಲಿ ಪಶ್ಚಿಮ ಜರ್ಮನಿ 1-0 ಮುಂದಿದ್ದಾಗ ಇಂಗ್ಲೆಂಡಿನ ಕ್ಯಾಪ್ಟನ್ ಬಾಬಿ ಮೂರ್ ಮೇಲೆಯೇ ಫೌಲ್ ಆಯಿತು. ಅವರು ಎದ್ದವರೇ ತಡಮಾಡದೆ ಚೆಂಡು ಇಟ್ಟು ಬಾಕ್ಸಿಗೆ ಎತ್ತಿದರು, ಜೆಫ್ ಹರ್ಸ್ಟ್ ತಲೆ ಕೊಟ್ಟು ಸಮ ಮಾಡಿದರು. ಜರ್ಮನಿಯ ಬ್ಯಾಕ್‌ಗಳು ಇನ್ನೂ ಜಾಗಕ್ಕೆ ಬಂದಿರಲಿಲ್ಲ. ಕ್ಯಾಪ್ಟನ್ ಅಂದರೆ ನನಗೆ ಆ ಕೆಲವು ಸೆಕೆಂಡುಗಳು. ಮೂರ್ ಕೂಗಾಡುವ ಆಸಾಮಿಯೂ ಅಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಹುರಿದುಂಬಿಸುವುದು ಕ್ಯಾಪ್ಟನ್ ಕೆಲಸವಲ್ಲ. ಫೈನಲ್ ಆಡಲು ಬಂದ ಹತ್ತೊಂಬತ್ತರ ಹುಡುಗನಲ್ಲಿ ಹುರುಪು ಬೇಕಾದಷ್ಟಿರುತ್ತದೆ. ಅವನಿಗೆ ಇಲ್ಲದಿರುವುದು ಮಾಹಿತಿ: ಈಗ ಯಾರನ್ನು ಹಿಡಿಯಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿದೆ. 90 ನಿಮಿಷದ ದೊಡ್ಡ ಪಂದ್ಯದಲ್ಲೂ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 55ರಿಂದ 60 ನಿಮಿಷ. ಉಳಿದದ್ದು ಥ್ರೋ, ಕಾರ್ನರ್, ಫ್ರೀಕಿಕ್, ಗಾಯ. ಚೆಂಡು ನಿಂತಾಗ ನಿಮ್ಮ ಕೆಲಸ ಶುರು.

ಫ್ರೀಕಿಕ್ ನಿಮ್ಮ ವಿರುದ್ಧ ಆದಾಗ ಕ್ರಮ ಹೀಗಿರಲಿ. ವಿಸಿಲ್ ಕೇಳಿದ ಕೂಡಲೇ ಗೋಲಿನ ಕಡೆ ತಿರುಗಿ, ನಿಮ್ಮವನು ಎಲ್ಲಿದ್ದಾನೆಂದು ಮೊದಲು ನೋಡಿ. ಚೆಂಡಿಗೆ ಹತ್ತಿರ ಇರುವ ನಮ್ಮವನು ಮುಖ ಚೆಂಡಿನ ಕಡೆಗೇ ಇಟ್ಟುಕೊಂಡು ಹಿಂದೆ ಹಿಂದೆ ಸರಿಯಬೇಕು, ಬೆನ್ನು ಹಾಕಬಾರದು. ನಿಯಮದ ಪ್ರಕಾರ ದೂರ 9.15 ಮೀಟರ್. ಎದುರಾಳಿ ಆತುರದಲ್ಲಿ ಹೊಡೆದ ಚೆಂಡು ಹಿಂದೆ ಸರಿಯುತ್ತಿರುವ ಇವನಿಗೆ ಸಿಕ್ಕಿದರೆ ಆಟ ಮುಂದುವರಿಯುತ್ತದೆ. ಬೇಕೆಂದೇ ಅಡ್ಡ ನಿಂತು ಬೇಗ ಹೊಡೆಯದಂತೆ ತಡೆದರೆ ಮಾತ್ರ ಹಳದಿ ಕಾರ್ಡ್. ಚೆಂಡನ್ನು ಒದ್ದು ದೂರ ಹಾಕಿದರೂ ಹಳದಿಯೇ. ಆಮೇಲೆ ಸಂಖ್ಯೆ ಕೂಗಿ: ನೇರ ಗೋಲಿನ ಎದುರು 20ರಿಂದ 25 ಮೀಟರ್ ಆದರೆ ನಾಲ್ಕು, ಹತ್ತಿರವಾದರೆ ಐದು, ಬದಿಯಿಂದ ಆದರೆ ಎರಡು. ವಾಲ್‌ನ ಹೊರಗಡೆಯವನು ಚೆಂಡು ಮತ್ತು ಹತ್ತಿರದ ಕಂಬವನ್ನು ಸೇರಿಸುವ ಗೆರೆಯಿಂದ ಒಂದು ದೇಹದಷ್ಟು ಆಚೆಗೆ ನಿಲ್ಲಬೇಕು, ಇಲ್ಲದಿದ್ದರೆ ತಿರುಗುವ ಚೆಂಡು ಅವನ ಪಕ್ಕದಿಂದ ಬಂದು ಒಳಗೆ ಬೀಳುತ್ತದೆ. ಆ ಗೆರೆ ನೋಡಲು ಕೀಪರನ್ನು ಕಂಬಕ್ಕೆ ಕಳಿಸಬೇಡಿ. ನಿಮ್ಮ ಫಾರ್ವರ್ಡ್ ಒಬ್ಬ ಚೆಂಡಿನ ಹಿಂದೆ ದೂರದಲ್ಲಿ ಗೋಲಿಗೆ ಮುಖ ಮಾಡಿ ನಿಂತು ಕೈಸನ್ನೆಯಲ್ಲಿ ಸರಿಸಲಿ, ಅವನಿಗೆ ಆಗ ಬೇರೆ ಕೆಲಸವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವಾಲ್‌ಗೆ ಹೋಗುವವರ ಹೆಸರು ಪಂದ್ಯದ ಮುಂಚೆಯೇ ನಿಗದಿಯಾಗಿರಬೇಕು. ತಲೆ ಕೊಡುವುದರಲ್ಲಿ ಗಟ್ಟಿಗರಾದ ಬ್ಯಾಕ್‌ಗಳು ವಾಲ್‌ನಲ್ಲಿ ನಿಂತರೆ ಬಾಕ್ಸಿನಲ್ಲಿ ಹಾರುವವರು ಯಾರು? ಉದ್ದದ ಹಾಫ್‌ಗಳನ್ನೋ ವಿಂಗರ್‌ಗಳನ್ನೋ ಹಾಕಿ.

ಇದನ್ನು ಅಭ್ಯಾಸದಲ್ಲೇ ಕಲಿಯಬೇಕು. ಆಟ ನಡೆಯುತ್ತಿರುವಾಗಲೇ ಹೊರಗೆ ನಿಂತ ಒಬ್ಬ ಏಕಾಏಕಿ ವಿಸಿಲ್ ಊದಲಿ, ಎದುರು ತಂಡ ಕೂಡಲೇ ಹೊಡೆಯಲಿ. ಒಂದು ಸಂಜೆಗೆ ಎಂಟು ಸಲ, ಎಂಟು ಬೇರೆ ಜಾಗದಿಂದ. ಐದು ಸೆಕೆಂಡಿನಲ್ಲಿ ವಾಲ್ ನಿಂತು ಪ್ರತಿಯೊಬ್ಬನಿಗೂ ಒಬ್ಬೊಬ್ಬ ಸಿಕ್ಕಿರಬೇಕು. ನಮಗೆ ಮೊದಲ ವಾರ ಹತ್ತು ಸೆಕೆಂಡಿನಲ್ಲೂ ಇದು ಆಗುತ್ತಿರಲಿಲ್ಲ.

ನಮ್ಮ ಕಾಸರಗೋಡಿನ ತಂಡಗಳಿಗೆ ಇನ್ನೊಂದು ಕೆಲಸವಿದೆ, ಬೇರೆ ಊರಿನವರಿಗೆ ಅಷ್ಟು ಬೇಕಾಗಲಿಕ್ಕಿಲ್ಲ. ಸಪ್ತಭಾಷೆಯ ನೆಲ ಎಂದು ಹೆಮ್ಮೆ ಪಡುತ್ತೇವೆ, ಮೈದಾನದಲ್ಲಿ ಅದೇ ತೊಡಕು. ಕೀಪರ್‌ನದು ಮಲಯಾಳ, ಬ್ಯಾಕ್‌ನದು ತುಳು, ಉಪ್ಪಳದಿಂದ ಬಂದವನದು ಉರ್ದು. ಕನ್ನಡದ ‘ಬಿಡು’, ತುಳುವಿನ ‘ಬುಡು’, ಮಲಯಾಳದ ‘ವಿಡ್’ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಯಾರು ಬಿಡಬೇಕು? ಇಬ್ಬರೂ ಬಿಡುತ್ತಾರೆ, ಚೆಂಡು ನಡುವಿನಿಂದ ಹೋಗುತ್ತದೆ. ಹೆಸರಿಲ್ಲದೆ ‘ಬಿಡು’ ಎಂದು ಕೂಗಿ ಎದುರಾಳಿ ಗೊಂದಲಪಟ್ಟರೆ, ಮಾತಿನಿಂದ ಅವನ ಗಮನ ಕೆಡಿಸಿದಿರೆಂದು ರೆಫರಿ ಹಳದಿ ಕೊಟ್ಟು ಅವರಿಗೆ ಇನ್‌ಡೈರೆಕ್ಟ್ ಫ್ರೀಕಿಕ್ (ನೇರ ಗೋಲಿಗೆ ಹೊಡೆದರೆ ಗೋಲಾಗದ್ದು) ಕೊಡಬಹುದು. ಆದ್ದರಿಂದ ತಂಡಕ್ಕೆ ನಾಲ್ಕೇ ಪದ ಗೊತ್ತು ಮಾಡಿ. ‘ಮ್ಯಾನ್’ ಅಂದರೆ ಹಿಂದೆ ಆಳು ಬಂದ, ‘ಟೈಮ್’ ಅಂದರೆ ಯಾರೂ ಇಲ್ಲ, ‘ಟರ್ನ್’ ಅಂದರೆ ತಿರುಗು, ‘ಕೀಪರ್’ ಎಂದು ಕೀಪರ್ ಒಬ್ಬನೇ ಕೂಗಬೇಕು. ಉಳಿದದ್ದಕ್ಕೆಲ್ಲ ಮೊದಲು ಹೆಸರು, ಆಮೇಲೆ ಮಾತು. ಮಾತು ಕಡಿಮೆ ಇರುವವರಿಗೆ ಇದು ಸುಲಭ, ನಿಮಗೆ ಖಂಡಿತ ಆಗುತ್ತದೆ.

ರೆಫರಿ ಜೊತೆ ಮಾತಾಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಕ್ಯಾಪ್ಟನ್‌ಗೆ ವಿಶೇಷ ಹಕ್ಕೇನೂ ಇಲ್ಲ, ತನ್ನ ತಂಡದ ನಡತೆಗೆ ಸ್ವಲ್ಪ ಮಟ್ಟಿನ ಹೊಣೆ ಇದೆ ಎಂದು ನಿಯಮಪುಸ್ತಕ ಹೇಳುತ್ತದೆ. 2024ರ ಯೂರೋ ಕಪ್ಪಿನಲ್ಲಿ ಕ್ಯಾಪ್ಟನ್ ಒಬ್ಬನೇ ರೆಫರಿ ಬಳಿ ಹೋಗಬಹುದು, ಬೇರೆಯವರು ಮುತ್ತಿಕೊಂಡರೆ ಹಳದಿ ಎಂದು ಮಾಡಿದರು. ಕೀಪರೇ ಕ್ಯಾಪ್ಟನ್ ಆದರೆ ಮೈದಾನದ ಇನ್ನೊಬ್ಬನ ಹೆಸರನ್ನು ಮೊದಲೇ ಕೊಡಬೇಕು. ನಮ್ಮ ಟೂರ್ನಮೆಂಟಿನಲ್ಲಿ ಈ ನಿಯಮ ಇರಲಿ ಬಿಡಲಿ, ನೀವು ಹಾಗೇ ನಡೆದುಕೊಳ್ಳಿ. ಸಿಟ್ಟಾದ ಹುಡುಗ ರೆಫರಿ ಕಡೆ ಹೊರಟರೆ ನಡುವೆ ಹೋಗಿ ನಿಂತು, ಎದೆಗೆ ಕೈ ಕೊಟ್ಟು, ‘ನಾನು ಮಾತಾಡ್ತೇನೆ, ನೀನು ಜಾಗಕ್ಕೆ ಹೋಗು’ ಎಂದು ತಿರುಗಿಸಿ. ಆಮೇಲೆ ನೀವು ಕೂಡಲೇ ಹೋಗಬೇಡಿ. ಯಾರಿಗಾದರೂ ಪೆಟ್ಟಾಗಿ ಆಟ ನಿಂತಾಗ, ಇಲ್ಲವೇ ಹಾಫ್ ಟೈಮಿಗೆ ನಡೆದು ಬರುವಾಗ, ಕೈ ಹಿಂದೆ ಕಟ್ಟಿಕೊಂಡು ಒಂದೇ ವಾಕ್ಯ: ‘ಸರ್, ಅವರ 8ನೇ ನಂಬರಿನವರು ಮೂರನೇ ಸಲ ನಮ್ಮ ಹುಡುಗನ ಹಿಮ್ಮಡಿಗೆ ಹೊಡೆದದ್ದು, ಒಮ್ಮೆ ನೋಡ್ತೀರಾ?’ ಪದೇ ಪದೇ ಫೌಲ್ ಮಾಡಿದರೆ ಹಳದಿ ಕೊಡಬಹುದು ಎಂಬುದು ರೆಫರಿಗೆ ಗೊತ್ತು. ನೀವು ಲೆಕ್ಕ ಕೊಟ್ಟರೆ ಸಾಕು.

ಟಾಸನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗೆದ್ದವರು ಯಾವ ಗೋಲಿನ ಕಡೆ ಆಡಬೇಕೆಂದು ಹೇಳಬಹುದು, ಬೇಡವಾದರೆ ಕಿಕ್‌ಆಫ್ ತೆಗೆದುಕೊಳ್ಳಬಹುದು. ನಮ್ಮಲ್ಲಿ ಪಂದ್ಯ ನಾಲ್ಕೂವರೆಗೆ ಶುರುವಾಗುತ್ತದೆ. ಮೈದಾನ ಪೂರ್ವ-ಪಶ್ಚಿಮ ಇದ್ದರೆ ಎರಡನೇ ಹಾಫಿಗೆ ಸೂರ್ಯ ಸಮುದ್ರದ ಕಡೆ ಇಳಿದು ಒಬ್ಬ ಕೀಪರ್‌ನ ಕಣ್ಣಿಗೆ ನೇರ ಬೀಳುತ್ತಾನೆ. ಅದು ಅವರ ಕೀಪರ್ ಆಗಿರಲಿ. ಅಂದರೆ ಮೊದಲ ಹಾಫಿನಲ್ಲಿ ಪಶ್ಚಿಮದ ಗೋಲಿಗೆ ದಾಳಿ ಮಾಡುವಂತೆ ಆರಿಸಿ. ಕಡಲಗಾಳಿ ಎದುರಾಗುತ್ತದೆ, ಚೆಂಡನ್ನು ನೆಲದಲ್ಲೇ ಇಟ್ಟು ಆಡಿ.

ಹಾಫ್ ಟೈಮಿನಲ್ಲಿ ಭಾಷಣ ಬೇಡ. ಮೊದಲ ಮೂರು ನಿಮಿಷ ನೀರು ಕುಡಿಯಲಿ, ಉಸಿರು ಬರಲಿ. ಕೋಚ್ ಹೇಳಿದ ಮೇಲೆ ನೀವು ಇಬ್ಬರ ಬಳಿಗೆ ಮಾತ್ರ ಹೋಗಿ: ಹಳದಿ ತಿಂದವನ ಬಳಿಗೆ, ತಪ್ಪು ಮಾಡಿ ತಲೆ ತಗ್ಗಿಸಿ ಕೂತವನ ಬಳಿಗೆ. ಮೊದಲನೆಯವನಿಗೆ ‘ನೆಲಕ್ಕೆ ಜಾರಿ ಚೆಂಡು ಕಸಿಯಲು ಹೋಗಬೇಡ, ನಿಂತೇ ತಡೆ’ ಅನ್ನಿ. ಎರಡನೆಯವನಿಗೆ ಮುಂದಿನ ಒಂದು ಸುಲಭ ಕೆಲಸ ಹೇಳಿ, ಆಟ ಶುರುವಾದ ಕೂಡಲೇ ಮೊದಲ ಪಾಸ್ ಅವನಿಗೇ ಕೊಡಿ.

ತಂಡದ ಅತ್ಯುತ್ತಮ ಆಟಗಾರನೇ ಕ್ಯಾಪ್ಟನ್ ಆಗಬೇಕು ಎನ್ನುವವರ ಮಾತಿಗೂ ಕಿವಿಗೊಡಬೇಡಿ. 2006ರ ವಿಶ್ವಕಪ್ ಫೈನಲಿನಲ್ಲಿ ಫ್ರಾನ್ಸಿನ ಕ್ಯಾಪ್ಟನ್ ಜಿನೆದಿನ್ ಜಿದಾನ್ 110ನೇ ನಿಮಿಷದಲ್ಲಿ ಇಟಲಿಯ ಮಟೆರಾಜ್ಜಿಯ ಎದೆಗೆ ತಲೆಯಿಂದ ಗುದ್ದಿ ಕೆಂಪು ಕಾರ್ಡ್ ತಿಂದರು. ಪೆನಾಲ್ಟಿ ಶೂಟೌಟಿಗೆ ಅವರಿಲ್ಲ, ಫ್ರಾನ್ಸ್ 5-3ರಿಂದ ಸೋತಿತು. ಪಕ್ಕದ ಕಣ್ಣೂರಿನ ವಿ.ಪಿ. ಸತ್ಯನ್ ಸ್ಟಾಪರ್ ಬ್ಯಾಕ್ ಆಗಿದ್ದುಕೊಂಡೇ 1992ರಲ್ಲಿ ಕೇರಳಕ್ಕೆ ಸಂತೋಷ್ ಟ್ರೋಫಿ ತಂದರು. ಮುಖ ಮುಂದಕ್ಕಿದ್ದು ಇಡೀ ಮೈದಾನ ಕಾಣುವವರು ಬ್ಯಾಕ್‌ಗಳು ಮತ್ತು ನಡುವಿನ ಹಾಫ್‌ಗಳು. ಮಿಡ್‌ಫೀಲ್ಡಿನಲ್ಲಿ ಆಡುವ ನೀವು ಸರಿಯಾದ ಜಾಗದಲ್ಲೇ ಇದ್ದೀರಿ.

ಪಟ್ಟಿ ಬಿಟ್ಟುಕೊಡಬೇಡಿ. ನಿಮ್ಮ ಮೊದಲ ಪಂದ್ಯಕ್ಕೆ ಮುಂಚೆ ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ಬೆಂಚಿನಲ್ಲಿರುವವನ ಕೈಗೆ ಕೊಡಿ: ವಾಲ್‌ಗೆ ಹೋಗುವ ಐವರ ಹೆಸರು, ಪೆನಾಲ್ಟಿ ಹೊಡೆಯುವ ಐವರ ಹೆಸರು ಕ್ರಮವಾಗಿ. ಚೆನ್ನಾಗಿ ಹೊಡೆಯುವವನನ್ನು ಐದನೆಯವನಾಗಿ ಉಳಿಸಬೇಡಿ. 2012ರ ಯೂರೋ ಸೆಮಿಫೈನಲಿನಲ್ಲಿ ಪೋರ್ಚುಗಲ್ ತನ್ನ ಕ್ಯಾಪ್ಟನ್ ರೊನಾಲ್ಡೊನನ್ನು ಐದನೆಯವನಾಗಿ ಇಟ್ಟಿತ್ತು, ಸ್ಪೇನ್ 4-2ರಿಂದ ಗೆದ್ದಾಗ ಅವನ ಸರದಿಯೇ ಬಂದಿರಲಿಲ್ಲ. ಶೂಟೌಟಿಗೆ ಪಂದ್ಯ ಮುಗಿಯುವಾಗ ಆಟದಲ್ಲಿದ್ದವರಿಗಷ್ಟೇ ಅವಕಾಶ, ಆದ್ದರಿಂದ ಕೊನೆಯ ಹತ್ತು ನಿಮಿಷದಲ್ಲಿ ಕೋಚ್ ಯಾರನ್ನಾದರೂ ಬದಲಿಸಿದರೆ ಚೀಟಿ ಹಿಡಿದವನು ಆ ಹೆಸರು ಹೊಡೆದು ಹಾಕಿ ಹೊಸ ಹೆಸರು ಬರೆಯಲಿ.