ಸಂಪಾದಕರ ಉತ್ತರ: ಕಯೋಟೀಸ್ ಊರು ಬಿಟ್ಟದ್ದು ಬಿಸಿಲಿಗಲ್ಲ

ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ಐಸ್ ಹಾಕಿ ತಂಡ ಅರಿಜೋನಾ ಕಯೋಟೀಸ್ 2024ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪಾಲಾಯಿತು. ಮರುಭೂಮಿಯಲ್ಲಿ ಮಂಜುಗಡ್ಡೆಯ ಆಟ ಆಡಿಸಲು ಹೊರಟರೆ ಹೀಗೇ ಆಗುವುದು ಅಂತ ಆಫೀಸಿನಲ್ಲಿ ಎಲ್ಲರೂ ನಗುತ್ತಾರೆ. ಲಾಸ್ ವೇಗಸ್ ಕೂಡ ಮರುಭೂಮಿಯೇ ಅಲ್ಲವೇ? ಇಲ್ಲಿಗೆ ಇನ್ನೊಂದು ತಂಡ ಬಂದೀತೇ? ಒಂಬತ್ತು ವರ್ಷದ ಮಗಳು ಈ ಆಟ ಕಲಿಯುತ್ತಿದ್ದಾಳೆ. ತಂಡವೇ ಇಲ್ಲದ ಊರಲ್ಲಿ ಮುಂದುವರಿಸುವುದಕ್ಕೆ ಅರ್ಥವಿದೆಯೇ?”

ಮಾನ್ಯರೇ,

ಮೊದಲು ಉಳಿದ ಓದುಗರಿಗೊಂದು ಮಾತು. ಹಾಕಿ ಅಂದಕೂಡಲೇ ನಮ್ಮಲ್ಲಿ ಹಲವರಿಗೆ ಕೊಡಗಿನ ಮೈದಾನ, ಅಲ್ಲಿನ ಕುಟುಂಬಗಳ ಪಂದ್ಯಾವಳಿ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಕೆನಡಾ, ಅಮೆರಿಕಗಳ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನ ಮಂಜುಗಡ್ಡೆಯ ಹಾಕಿ. ಅಲ್ಲಿ ತಂಡವೆಂದರೆ ಒಬ್ಬ ಮಾಲೀಕನ ಆಸ್ತಿ. ಲೀಗು ಒಪ್ಪಿದರೆ ಗಂಟುಮೂಟೆ ಕಟ್ಟಿ ಇನ್ನೊಂದು ಊರಿಗೆ ಹೋಗಬಹುದು.

ನಿಮ್ಮ ಆಫೀಸಿನವರ ವಾದ ಕೇಳಲು ಚೆನ್ನಾಗಿದೆ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಈ ಲೀಗಿನ ಚಾಂಪಿಯನ್ನರಿಗೆ ಸಿಗುವುದು ಸ್ಟ್ಯಾನ್ಲಿ ಕಪ್. 2020ರಿಂದ 2025ರವರೆಗಿನ ಆರು ಸ್ಟ್ಯಾನ್ಲಿ ಕಪ್‌ಗಳಲ್ಲಿ ಐದು ಬಿಸಿಲೂರುಗಳಿಗೇ ಹೋಗಿವೆ: ಟ್ಯಾಂಪಾಕ್ಕೆ ಎರಡು, ಮಯಾಮಿ ಪಕ್ಕದ ಫ್ಲಾರಿಡಾ ಪ್ಯಾಂಥರ್ಸ್‌ಗೆ ಎರಡು, ಲಾಸ್ ವೇಗಸ್‌ಗೆ ಒಂದು. ಆ ಅವಧಿಯಲ್ಲಿ ಕೆನಡಾಕ್ಕೆ ಒಂದೂ ದಕ್ಕಲಿಲ್ಲ. ಅದಕ್ಕೂ ಹಿಂದೆ ಅಲ್ಲಿನ ತಂಡವೊಂದು ಕೊನೆಯ ಸಲ ಕಪ್ ಎತ್ತಿದ್ದು 1993ರಲ್ಲಿ, ಮಾಂಟ್ರಿಯಲ್.

ಮಂಜುಗಡ್ಡೆಗೆ ಹೊರಗಿನ ಬಿಸಿಲಿನ ಹಂಗು ಅಷ್ಟಾಗಿ ಇಲ್ಲ. ರಿಂಕಿನ, ಅಂದರೆ ಮಂಜುಗಡ್ಡೆಯ ಅಂಕಣದ ಅಡಿಗೆ ಕಾಂಕ್ರೀಟ್ ಹಾಸು, ಅದರೊಳಗೆ ಕಿಲೋಮೀಟರುಗಟ್ಟಲೆ ಪೈಪು, ಪೈಪಿನಲ್ಲಿ ಚಿಲ್ಲರ್‌ನಿಂದ ಬರುವ ಉಪ್ಪುನೀರು ಇಲ್ಲವೇ ಗ್ಲೈಕಾಲ್. ಹಾಸು ತಣ್ಣಗಾದ ಮೇಲೆ ಶುದ್ಧೀಕರಿಸಿದ ನೀರನ್ನು ತುಂತುರಾಗಿ ಸಿಂಪಡಿಸಿ ಕಾಗದದಷ್ಟು ತೆಳ್ಳಗಿನ ಪದರಗಳನ್ನು ಕಟ್ಟುತ್ತಾರೆ. ಅದರ ಮೇಲೆ ಬಿಳಿ ಬಣ್ಣ, ಮತ್ತೆ ನೀರು, ಆಮೇಲೆ ಕೆಂಪು ನೀಲಿ ಗೆರೆ, ಮತ್ತೆ ನೀರು. ಒಟ್ಟು ದಪ್ಪ ಸುಮಾರು 3 ಸೆಂಟಿಮೀಟರ್. ಅವಸರಕ್ಕೆ ಒಮ್ಮೆಲೇ ನೀರು ಸುರಿದರೆ ಗಾಳಿಗುಳ್ಳೆ ಒಳಗೇ ಉಳಿದು, ಸ್ಕೇಟಿನ ಅಲಗು ಬಿದ್ದಲ್ಲೆಲ್ಲ ಚಕ್ಕೆ ಏಳುತ್ತದೆ. ಆಟದ ಹೊತ್ತಿಗೆ ಮಂಜುಗಡ್ಡೆ ಮೈನಸ್ 4 ಡಿಗ್ರಿ ಆಸುಪಾಸು, ಒಳಗಿನ ಗಾಳಿ 15ರಿಂದ 18 ಡಿಗ್ರಿ, ತೇವಾಂಶ ಶೇ 40ರ ಸುತ್ತ ಇರಬೇಕು.

ನಿಜವಾದ ಶತ್ರು ಆ ತೇವಾಂಶ. ಒದ್ದೆ ಗಾಳಿ ಒಳಗೆ ನುಗ್ಗಿದರೆ ಮಂಜುಗಡ್ಡೆಯ ಮೈಮೇಲೆ ಹುಡಿಮಂಜು ಕೂರುತ್ತದೆ, ಮೇಲ್ಪದರ ಮೆತ್ತಗಾಗುತ್ತದೆ, ಪಕ್, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ, ಜಾರುವ ಬದಲು ಪುಟಿಯುತ್ತದೆ. ಜೂನ್ ತಿಂಗಳ ಫೈನಲ್‌ಗೆ ಫ್ಲಾರಿಡಾದಲ್ಲಿ ಬಾಗಿಲು ತೆರೆದು ಹದಿನೆಂಟು ಸಾವಿರ ಜನರನ್ನು ಒಳಗೆ ಬಿಡುವುದು ಈ ಕಾರಣಕ್ಕೇ ಕಷ್ಟ. ತೇವ ಹೀರುವ ಯಂತ್ರಗಳು ಗಂಟೆಗಟ್ಟಲೆ ಮೊದಲೇ ಓಡುತ್ತಿರಬೇಕು. ಫೀನಿಕ್ಸ್‌ನ ಒಣ ಗಾಳಿ, ಅಂದರೆ ನಿಮ್ಮ ಚಾಂಡ್ಲರ್ ಪಕ್ಕದ ಆ ಮಹಾನಗರದ ಗಾಳಿ, ಈ ವಿಷಯದಲ್ಲಿ ವರವೇ. ಪ್ಲೇಆಫ್ ಬಿಟ್ಟರೆ ಸೀಸನ್ ನಡೆಯುವುದೂ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ, ನಿಮ್ಮಲ್ಲಿ ಹವೆ ಹಿತವಾಗಿರುವ ತಿಂಗಳುಗಳಲ್ಲಿ. ಅಂದಹಾಗೆ, ಮಂಜುಗಡ್ಡೆ ನಯಮಾಡುವ ಜಾಂಬೊನಿ ಯಂತ್ರ ಹುಟ್ಟಿದ್ದು ಕೆನಡಾದಲ್ಲಲ್ಲ. 1949ರಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದ ಪ್ಯಾರಮೌಂಟ್ ಎಂಬಲ್ಲಿ. ನಗುವ ಸಹೋದ್ಯೋಗಿಗಳಿಗೆ ಇದನ್ನೂ ಹೇಳಿ.

ಕಯೋಟೀಸ್ ಕಥೆ ಕೆಟ್ಟದ್ದು ಕಟ್ಟಡದಿಂದ. 28 ವರ್ಷದಲ್ಲಿ ಮೂರು ಬಾಡಿಗೆ ಮನೆ, ಸ್ವಂತದ್ದು ಒಂದೂ ಇಲ್ಲ.

1996ರಲ್ಲಿ ವಿನಿಪೆಗ್ ಜೆಟ್ಸ್ ತಂಡ ಫೀನಿಕ್ಸ್‌ಗೆ ಬಂದು ಕಯೋಟೀಸ್ ಆದಾಗ ಇಳಿದುಕೊಂಡದ್ದು ಅಮೆರಿಕ ವೆಸ್ಟ್ ಅರೀನಾದಲ್ಲಿ. ಅದು ಬ್ಯಾಸ್ಕೆಟ್‌ಬಾಲಿಗೆಂದೇ ಕಟ್ಟಿದ್ದು. ಬ್ಯಾಸ್ಕೆಟ್‌ಬಾಲ್ ಅಂಕಣ ಸುಮಾರು 29 ಮೀಟರ್ ಉದ್ದ, 15 ಮೀಟರ್ ಅಗಲ. ಎನ್‌ಎಚ್‌ಎಲ್ ರಿಂಕು 61 ಮೀಟರ್ ಉದ್ದ, 26 ಮೀಟರ್ ಅಗಲ. ಅಷ್ಟುದ್ದದ ರಿಂಕನ್ನು ಆ ಬಟ್ಟಲಿನಲ್ಲಿ ತುರುಕಿದಾಗ ಕೆಳಗಿನ ಸಾಲುಗಳನ್ನು ಕಿತ್ತುಹಾಕಬೇಕಾಯಿತು, ಒಂದು ತುದಿಯ ಮೇಲಂತಸ್ತು ಮಂಜುಗಡ್ಡೆಯ ನೆತ್ತಿಯ ಮೇಲೇ ಬಂತು. ಆ ಭಾಗದಲ್ಲಿ ಕೂತವರಿಗೆ ಹತ್ತಿರದ ಗೋಲೇ ಕಾಣುತ್ತಿರಲಿಲ್ಲ. ಗೋಲು ಕಾಣದ ಜಾಗಕ್ಕೆ ಪೂರ್ತಿ ದುಡ್ಡು ಯಾರು ಕೊಡುತ್ತಾರೆ?

ಸ್ವಂತ ಅರೀನಾ ಬೇಕೆಂದಾಗ ಮೊದಲು ನೋಡಿದ್ದು ಸ್ಕಾಟ್ಸ್‌ಡೇಲ್‌ನ ಲಾಸ್ ಆರ್ಕೋಸ್ ಮಾಲ್ ಇದ್ದ ಜಾಗ. ಟಿಕೆಟ್ ಕೊಳ್ಳುವ ಜನ ಬಹುಪಾಲು ಆ ಪೂರ್ವ ದಿಕ್ಕಿನಲ್ಲೇ ಇದ್ದದ್ದು. ಅದು ಕೈಗೂಡದೆ, 2003ರ ಡಿಸೆಂಬರಿನಲ್ಲಿ ತಂಡ ಪಟ್ಟಣದ ಪಶ್ಚಿಮ ತುದಿಯ ಗ್ಲೆಂಡೇಲ್‌ಗೆ ಹೋಯಿತು. ನೀವೇ ಲೆಕ್ಕ ಹಾಕಿ. ಚಾಂಡ್ಲರ್‌ನಿಂದ ಅಲ್ಲಿಗೆ ಸುಮಾರು 50 ಕಿ.ಮೀ. ವಾರದ ನಡುವೆ ಐದು ಗಂಟೆಗೆ ಕೆಲಸ ಬಿಟ್ಟು, ಆ ಟ್ರಾಫಿಕ್ಕಿನಲ್ಲಿ ಏಳು ಗಂಟೆಯ ಆಟ ಹಿಡಿಯಬೇಕು, ಹೀಗೆ ವರ್ಷಕ್ಕೆ 41 ಸಲ. ಸೀಸನ್ ಟಿಕೆಟ್ ಎಂಬ ವ್ಯಾಪಾರ ಸಾಯುವುದು ಇಲ್ಲೇ. ಕಟ್ಟಡ ಚೆನ್ನಾಗಿತ್ತು, ವಿಳಾಸ ತಪ್ಪಿತ್ತು.

ಆಮೇಲಿನದು ನಿಮಗೂ ಗೊತ್ತಿರಬಹುದು. 2009ರ ಮೇ ತಿಂಗಳಲ್ಲಿ ಮಾಲೀಕ ಜೆರ್ರಿ ಮೋಯೆಸ್ ತಂಡವನ್ನು ದಿವಾಳಿ ಕೋರ್ಟಿಗೆ ಹಾಕಿದರು. ಬ್ಲ್ಯಾಕ್‌ಬೆರಿ ಖ್ಯಾತಿಯ ಜಿಮ್ ಬಾಲ್ಸಿಲಿ ಕೊಂಡು ಕೆನಡಾದ ಹ್ಯಾಮಿಲ್ಟನ್‌ಗೆ ಒಯ್ಯಲು ನೋಡಿದರು. ಮಾಲೀಕ ಯಾರಾಗಬೇಕು, ತಂಡ ಎಲ್ಲಿ ಆಡಬೇಕು ಎಂಬ ತೀರ್ಮಾನ ತನ್ನದೆಂದು ಲೀಗು ಪಟ್ಟು ಹಿಡಿಯಿತು, ನ್ಯಾಯಾಧೀಶರು ಬಾಲ್ಸಿಲಿಯ ಬಿಡ್ ತಳ್ಳಿಹಾಕಿದರು. ಕೊನೆಗೆ 14 ಕೋಟಿ ಡಾಲರ್ ಕೊಟ್ಟು ಲೀಗೇ ತಂಡವನ್ನು ಕೊಂಡುಕೊಂಡು 2013ರವರೆಗೆ ಸಾಕಿತು. ಹೊಸ ಮಾಲೀಕರು ಬಂದಾಗ ಅರೀನಾ ನೋಡಿಕೊಳ್ಳುವ ಕೂಲಿಯೆಂದು ಗ್ಲೆಂಡೇಲ್ ನಗರಸಭೆ ವರ್ಷಕ್ಕೆ 1.5 ಕೋಟಿ ಡಾಲರಿನಂತೆ 15 ವರ್ಷ ಕೊಡಲು ಒಪ್ಪಿತು. ಎರಡೇ ವರ್ಷಕ್ಕೆ ಆ ಕರಾರನ್ನು ರದ್ದುಮಾಡಿತು. ಅಲ್ಲಿಂದಾಚೆ ವರ್ಷ ವರ್ಷದ ಗುತ್ತಿಗೆ. ಮುಂದಿನ ವರ್ಷ ಇರುತ್ತದೋ ಇಲ್ಲವೋ ಎಂಬ ತಂಡಕ್ಕೆ ದೊಡ್ಡ ಪ್ರಾಯೋಜಕರು ಐದು ವರ್ಷದ ಸಹಿ ಹಾಕುವುದಿಲ್ಲ. ಅಂಗಡಿ ಖಾಲಿ ಮಾಡುವವನಿಗೆ ಯಾರೂ ಸಾಲ ಕೊಡುವುದಿಲ್ಲ.

2022ರಲ್ಲಿ ಗ್ಲೆಂಡೇಲ್ ಬಿಡಿಸಿದ ಮೇಲೆ ಟೆಂಪಿಯಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಮುಲೆಟ್ ಅರೀನಾ. ಎನ್‌ಎಚ್‌ಎಲ್ ಆಟಕ್ಕೆ ಸುಮಾರು 4,600 ಆಸನ. ಪ್ರತಿ ಆಟಕ್ಕೂ ತುಂಬಿಸಿದರೂ 41 ಆಟಕ್ಕೆ 1.9 ಲಕ್ಷ ಟಿಕೆಟ್ ಆಗುವುದಿಲ್ಲ. ಹದಿನೇಳು ಸಾವಿರ ಆಸನದ ಅರೀನಾ ತುಂಬಿದರೆ ಏಳು ಲಕ್ಷದ ಹತ್ತಿರ. ಗೇಟಿನ ದುಡ್ಡನ್ನೇ ನೆಚ್ಚಿಕೊಂಡ ಲೀಗಿನಲ್ಲಿ ಇದು ಎರಡು ವರ್ಷ ತಳ್ಳುವ ಉಪಾಯವೇ ಹೊರತು ಬಾಳುವ ದಾರಿಯಲ್ಲ.

ಮನೆ ಕಟ್ಟಿ ನೋಡು ಎಂಬ ಗಾದೆಯ ಅರ್ಥ ಮಾಲೀಕ ಅಲೆಕ್ಸ್ ಮೆರುಯೆಲೊ ಅವರಿಗೆ ತಿಳಿದದ್ದು 2023ರ ಮೇ 16ರಂದು. ಟೆಂಪಿ ನಗರಸಭೆಯ ಹಳೆಯ ಕಸ ಸುರಿಯುವ ಜಾಗದಲ್ಲಿ ಅರೀನಾ, ಮನೆ, ಅಂಗಡಿ ಸೇರಿ 210 ಕೋಟಿ ಡಾಲರಿನ ಯೋಜನೆ. ಊರವರ ಮುಂದಿಟ್ಟ ಮೂರು ಪ್ರಶ್ನೆಗಳಿಗೂ ಮತದಾರರು ಬೇಡ ಅಂದರು. ವಿಮಾನ ಹಾರುವ ದಾರಿಯ ಕೆಳಗೆ ಮನೆ ಕಟ್ಟುವುದರ ವಿರುದ್ಧ ಪಕ್ಕದ ಫೀನಿಕ್ಸ್ ನಗರ ಕೋರ್ಟಿಗೂ ಹೋಗಿತ್ತು. ಮರು ವರ್ಷ ಏಪ್ರಿಲ್ 18ಕ್ಕೆ ಲೀಗು ತೆರೆ ಎಳೆಯಿತು. ತಂಡವನ್ನು ಕೊಳ್ಳಲು ಯೂಟಾ ರಾಜ್ಯದ (ಸಾಲ್ಟ್ ಲೇಕ್ ಸಿಟಿ ಇರುವುದು ಅಲ್ಲೇ) ರಯಾನ್ ಸ್ಮಿತ್ ಕೊಟ್ಟದ್ದು 120 ಕೋಟಿ ಡಾಲರ್. ಅದರಲ್ಲಿ 100 ಕೋಟಿ ಮೆರುಯೆಲೊಗೆ, 20 ಕೋಟಿ ಉಳಿದ ಮಾಲೀಕರಿಗೆ. ಆಟಗಾರರು, ಕೋಚ್‌ಗಳು ಹೋದರು. ಹೆಸರು, ದಾಖಲೆ ಅರಿಜೋನಾದಲ್ಲೇ ಉಳಿದವು. ಹಾಗಾಗಿ ಲೀಗಿನ ಕಡತದಲ್ಲಿ ಯೂಟಾ ಹೊಸ ತಂಡ. ಐದು ವರ್ಷದೊಳಗೆ ಅರೀನಾ ಕಟ್ಟಿದರೆ ಕಯೋಟೀಸ್‌ಗೆ ಮರುಜೀವ ಎಂಬ ಷರತ್ತೂ ಇತ್ತು. ಉತ್ತರ ಫೀನಿಕ್ಸ್‌ನ ಸರಕಾರಿ ಜಮೀನಿನ ಹರಾಜು ರದ್ದಾಗಿ, ಜೂನ್ ಮುಗಿಯುವಷ್ಟರಲ್ಲಿ ಮೆರುಯೆಲೊ ಕೈಬಿಟ್ಟರು.

ಯೂಟಾದಲ್ಲಿ ಸಿಕ್ಕದ್ದೂ ಬ್ಯಾಸ್ಕೆಟ್‌ಬಾಲಿನ ಕಟ್ಟಡವೇ! ಡೆಲ್ಟಾ ಸೆಂಟರಿನಲ್ಲಿ ಮಂಜುಗಡ್ಡೆ ಪೂರ್ತಿ ಕಾಣುವ ಆಸನ ಮೊದಲ ವರ್ಷ ಹನ್ನೊಂದು ಸಾವಿರ ಚಿಲ್ಲರೆ. ಫೀನಿಕ್ಸ್‌ಗೆ ಬಂದದ್ದೇ ಕಾಯಿಲೆ. ಆದರೆ ಅಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ, ಹಾಕಿ ತಂಡ ಎರಡಕ್ಕೂ ಯಜಮಾನ ಒಬ್ಬನೇ, ಅರೀನಾ ಅವನ ಕೈಯಲ್ಲೇ ಇದೆ, ಊರ ನಡುಮಧ್ಯದಲ್ಲಿದೆ, ರೈಲು ಬಾಗಿಲಿಗೇ ಬರುತ್ತದೆ. ಬೇಸಿಗೆ ರಜೆಯಲ್ಲಿ ಗ್ಯಾಲರಿ ಒಡೆದು ಸರಿಮಾಡಲು ಯಾರ ಅಪ್ಪಣೆಯನ್ನೂ ಬೇಡಿ ಬಾಗಿಲು ಕಾಯಬೇಕಿಲ್ಲ.

ಈಗ ಲಾಸ್ ವೇಗಸ್. ಅಲ್ಲಿಗೆ ತಂಡ ತಂದ ಮಾಲೀಕ ಬಿಲ್ ಫೋಲಿ 2015ರಲ್ಲಿ ಮೊದಲು ಮಾಡಿದ್ದು ಹತ್ತು ಸಾವಿರ ಸೀಸನ್ ಟಿಕೆಟ್‌ಗಳಿಗೆ ಮುಂಗಡ ಹಣ ಎತ್ತುವ ಕೆಲಸ, ತಂಡ ಸಿಗುತ್ತದೆ ಎಂಬ ಖಾತ್ರಿ ಬರುವ ಮುಂಚೆಯೇ. 2016ರಲ್ಲಿ ಲೀಗು ಒಪ್ಪುವಷ್ಟರಲ್ಲಿ ಟಿ-ಮೊಬೈಲ್ ಅರೀನಾ ಖಾಸಗಿ ಹಣದಲ್ಲಿ ಎದ್ದು ನಿಂತಿತ್ತು. ಹೊಸ ತಂಡ ಲೀಗಿಗೆ ಸೇರಲು ಕಟ್ಟಿದ ಪ್ರವೇಶ ಶುಲ್ಕ 50 ಕೋಟಿ ಡಾಲರ್. ಅಷ್ಟು ಕೊಟ್ಟವನಿಗೆ ಕಸ ಕೊಡಲಾಗದು ಎಂದು ಆಟಗಾರರನ್ನು ಆರಿಸುವ ನಿಯಮವನ್ನೂ ಉದಾರ ಮಾಡಿದರು. ಪ್ರತಿ ಹಳೆಯ ತಂಡ ಏಳು ಫಾರ್ವರ್ಡ್, ಮೂರು ಡಿಫೆನ್ಸ್, ಒಬ್ಬ ಗೋಲಿ (ಗೋಲ್ ಕೀಪರ್), ಇಲ್ಲವೇ ಯಾವುದೇ ಎಂಟು ಆಟಗಾರರು ಮತ್ತು ಒಬ್ಬ ಗೋಲಿ, ಇಷ್ಟು ಮಂದಿಯನ್ನು ಮಾತ್ರ ಕಾಪಾಡಿಕೊಳ್ಳಬಹುದು. ಉಳಿದವರಲ್ಲಿ ತಂಡಕ್ಕೊಬ್ಬರಂತೆ 30 ಮಂದಿ ವೇಗಸ್ ಪಾಲು. ಪಿಟ್ಸ್‌ಬರ್ಗ್‌ನಿಂದ ಗೋಲಿ ಫ್ಲೂರಿ ಬಂದರು. ಕೊಲಂಬಸ್ ಬಿಟ್ಟುಕೊಟ್ಟ ವಿಲಿಯಂ ಕಾರ್ಲ್‌ಸನ್ ಮೊದಲ ವರ್ಷವೇ 43 ಗೋಲು ಹೊಡೆದರು, ತಂಡ ಫೈನಲ್ ತಲುಪಿತು. ಇದಕ್ಕೆದುರಾಗಿ, 8 ಕೋಟಿ ಡಾಲರ್ ಕೊಟ್ಟು 1999ರಲ್ಲಿ ಕಣಕ್ಕಿಳಿದ ಅಟ್ಲಾಂಟಾ ಥ್ರ್ಯಾಷರ್ಸ್ ಮೊದಲ ವರ್ಷ ಗೆದ್ದದ್ದು 14 ಆಟ. ಹನ್ನೊಂದು ಸೀಸನ್‌ಗಳಲ್ಲಿ ಪ್ಲೇಆಫ್ ಕಂಡದ್ದು ಒಂದೇ ಸಲ, ಆಗಲೂ ನಾಲ್ಕಕ್ಕೆ ನಾಲ್ಕೂ ಸೋಲು. ಮಾಲೀಕರು ತಮ್ಮತಮ್ಮಲ್ಲೇ ಕೋರ್ಟು ಹತ್ತಿದ್ದರು. 2011ರಲ್ಲಿ ಆ ತಂಡ ವಿನಿಪೆಗ್‌ಗೆ ಹೋದಾಗ ಅಟ್ಲಾಂಟಾದವರಿಗೆ ಹಾಕಿ ಬೇಡ ಎಂದು ಬರೆದವರು, ಅವರಿಗೆ ಬಡಿಸಿದ್ದೇನು ಎಂದು ನೋಡಲಿಲ್ಲ.

ಲೀಗಿಗೆ ಹೊಸ ತಂಡ ಸೇರಿಸಿಕೊಳ್ಳುವ ಹಂಬಲ ಯಾಕೆಂದರೆ ಪ್ರವೇಶ ಶುಲ್ಕವನ್ನು ಆಟಗಾರರ ಜೊತೆ ಹಂಚಿಕೊಳ್ಳಬೇಕಿಲ್ಲ. ವೇಗಸ್‌ನ 50 ಕೋಟಿ 30 ಮಾಲೀಕರಿಗೆ ಹಂಚಿದಾಗ ತಲೆಗೆ ಸುಮಾರು 1.67 ಕೋಟಿ. ಆಮೇಲೆ ಸೇರಿದ ಸಿಯಾಟಲ್ ತಂಡ ಕೊಟ್ಟದ್ದು 65 ಕೋಟಿ. ಹೀಗಾಗಿ ತಂಡವಿಲ್ಲದ ದೊಡ್ಡ ಊರು ಲೀಗಿಗೆ ಮುಂದೆ ಬರಲಿರುವ ಚೆಕ್ಕಿನಂತೆ ಕಾಣುತ್ತದೆ. ಫೀನಿಕ್ಸ್ ಅಂಥ ಊರು, ಎರಡು ಸಲ ಕಳೆದುಕೊಂಡ ಅಟ್ಲಾಂಟಾವೂ ಅಂಥದ್ದೇ. ಅಲ್ಲಿ ಈಗ ಮಾತು ನಡೆದಿರುವುದು ಟಿಕೆಟ್ ಕೊಳ್ಳುವ ಜನ ಇರುವ ಉತ್ತರದ ಉಪನಗರಗಳ ಬಗ್ಗೆ. ಗ್ಲೆಂಡೇಲ್ ಪಾಠ ಯಾರಿಗೋ ತಲುಪಿದೆ. ಮುಂದೆ ನಿಮ್ಮಲ್ಲಿ ತಂಡದ ಸುದ್ದಿ ಎದ್ದರೆ ಲಾಂಛನ, ಹೆಸರು ನೋಡಿ ಮುಂಗಡ ಕಟ್ಟಬೇಡಿ. ಜಮೀನು ಯಾರ ಹೆಸರಲ್ಲಿದೆ, ಯಾವ ಹೆದ್ದಾರಿಯ ಪಕ್ಕ, ಪಾರ್ಕಿಂಗ್ ಮತ್ತು ತಿಂಡಿಯ ದುಡ್ಡು ಯಾರ ಜೇಬಿಗೆ, ಊರವರ ಮತ ಬೇಕೇ ಎಂದು ಕೇಳಿ. ಅರೀನಾ ಏಳುವ ತನಕ ತಾತ್ಕಾಲಿಕವಾಗಿ ಬೇರೆಲ್ಲೋ ಆಡುತ್ತೇವೆ ಅಂದರೆ ಇನ್ನೂ ಜಾಗ್ರತೆ. ಹಾರ್ಟ್‌ಫರ್ಡ್‌ನಿಂದ 1997ರಲ್ಲಿ ಹೊರಟ ಕ್ಯಾರೊಲಿನಾ ತಂಡ ರಾಲಿಯ ಅರೀನಾ ಮುಗಿಯುವವರೆಗೆ ಎರಡು ವರ್ಷ ಗ್ರೀನ್ಸ್‌ಬರೋದಲ್ಲಿ ಆಡಿತು. ಹೇಗೂ ಬಿಟ್ಟುಹೋಗುವ ತಂಡವೆಂದು ಅಲ್ಲಿನವರು ಬರಲಿಲ್ಲ, ಅಷ್ಟು ದೂರ ಯಾರು ಹೋಗುತ್ತಾರೆಂದು ರಾಲಿಯವರೂ ಬರಲಿಲ್ಲ, ಖಾಲಿ ಮೇಲಂತಸ್ತಿಗೆ ಪರದೆ ಕಟ್ಟಿದ್ದರು. ಅದೇ ತಂಡ 2006ರಲ್ಲಿ ಕಪ್ ಗೆದ್ದಿತು ಅನ್ನುವುದು ಬೇರೆ ಮಾತು.

ಇನ್ನು ನಿಮ್ಮ ಮಗಳ ವಿಷಯ. ದಯವಿಟ್ಟು ನಿಲ್ಲಿಸಬೇಡಿ. 2016ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವಲ್ಲಿ, ಮೊದಲಿಗನಾಗಿ ಆಯ್ಕೆಯಾದ ಆಸ್ಟನ್ ಮ್ಯಾಥ್ಯೂಸ್ ಸ್ಕಾಟ್ಸ್‌ಡೇಲ್‌ನಲ್ಲಿ ಬೆಳೆದ ಹುಡುಗ, ಕಯೋಟೀಸ್ ಆಟ ನೋಡುತ್ತಲೇ ಕಲಿತವನು. ತಂಡ ಹೋದರೂ ಅದು ಹುಟ್ಟಿಸಿದ ರಿಂಕುಗಳು, ಕೋಚ್‌ಗಳು ಅಲ್ಲೇ ಇದ್ದಾರೆ. ಚಾಂಡ್ಲರ್‌ನಲ್ಲೇ ಐಸ್ ಡೆನ್ ಎಂಬ ರಿಂಕು ಇದೆ. ಆ ವಯಸ್ಸಿನಲ್ಲಿ ಪಾದ ಬೇಗ ಬೆಳೆಯುತ್ತದೆಂದು ಎರಡು ಸೈಜ್ ದೊಡ್ಡ ಸ್ಕೇಟ್ ಕೊಡಿಸುವ ನಮ್ಮವರ ಅಭ್ಯಾಸವೊಂದಿದೆ, ಅದನ್ನು ಮಾತ್ರ ಮಾಡಬೇಡಿ. ಹಿಮ್ಮಡಿ ಒಳಗೆ ಅಲುಗಾಡಿದರೆ ಕಣಕಾಲು ವಾಲಿ ಸ್ಕೇಟಿಂಗ್ ಕೆಡುತ್ತದೆ. ಬಳಸಿದ ಜೋಡಿ ಅಗ್ಗಕ್ಕೆ ಸಿಗುತ್ತದೆ, ಅಳತೆಗೆ ಸರಿಯಾದದ್ದನ್ನೇ ಕೊಳ್ಳಿ. ಆಟ ತೋರಿಸಲು ಚಳಿಗಾಲದ ಶುಕ್ರವಾರ ಶನಿವಾರಗಳಲ್ಲಿ ಮುಲೆಟ್ ಅರೀನಾಕ್ಕೆ ಕರೆದೊಯ್ಯಿರಿ, ವಿಶ್ವವಿದ್ಯಾಲಯದ ತಂಡ ಅಲ್ಲೇ ಆಡುತ್ತದೆ. ಅಷ್ಟು ಚಿಕ್ಕ ಅರೀನಾದಲ್ಲಿ ಪಕ್ ಗಾಜಿಗೆ ಬಡಿಯುವ ಸದ್ದು ಕೊನೆಯ ಸಾಲಿಗೂ ಕೇಳುತ್ತದೆ.

— ಸಂ.